ಸೆಕೆಂಡ್ ಹ್ಯಾಂಡ್ ಲೆನ್ಸ್ ಕೊಳ್ಳೋ ಮುಂಚೆ ಒಳಗೆ ಟಾರ್ಚ್ ಹಾಕಿ ನೋಡಿ

ಕೈಲ್ ಮುಹೂರ್ತ ಕಳೆದು ಮಳೆ ಸ್ವಲ್ಪ ಬಿಡುವು ಕೊಟ್ಟಿತು ಅಂದರೆ ಕೊಡಗಿನಲ್ಲಿ ಲೆನ್ಸ್‌ಗಳು ಕಪಾಟಿನಿಂದ ಹೊರಗೆ ಬರುತ್ತವೆ. ಕೆಲವು ಫೋಟೋ ತೆಗೆಯೋಕೆ, ಕೆಲವು ಮಾರೋಕೆ. ಮಾರೋಕೆ ಬಂದದ್ದನ್ನು ಕೊಳ್ಳಲು ಹೊರಟವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಮಾರುವವರು ಕಳಿಸುವ ಎಡಿಟ್ ಮಾಡಿದ ಫೋಟೋ ನೋಡಿ ದುಡ್ಡು ಕೊಡಬೇಡಿ. ಕತ್ತಲೆಯಲ್ಲಿ ಲೆನ್ಸ್ ಒಳಗೆ ಟಾರ್ಚ್ ಹಾಕಿ ನೋಡದೆ ಅಂತೂ ಕೊಡಲೇಬೇಡಿ. ಒಳಗಿನ ಗಾಜಿಗೆ ಫಂಗಸ್, ಅಂದರೆ ಬೂಷ್ಟು, ಹಿಡಿದಿರಬಹುದು. ಹಾಗೆ ನೋಡದೆ ನನಗೆ 50 ಸಾವಿರದ ಹತ್ತಿರ ಹೋಗಿದೆ.

ನಾನು ತಗೊಂಡದ್ದು ಒಂದು 150-600 ಜೂಮ್, ದೂರದ ಹಕ್ಕಿ ಪ್ರಾಣಿಗಳನ್ನು ಹತ್ತಿರ ತೋರಿಸುವ ಲೆನ್ಸ್. ಕಂಪನಿ ಹೆಸರು ಬೇಡ, ತಪ್ಪು ಅವರದ್ದಲ್ಲ. ಮಾರಿದವರ ಹೆಸರೂ ಬೇಡ. ನಮ್ಮ ಜಿಲ್ಲೆಯವರೇ, ತೋಟ ಇರುವವರು, ವಯಸ್ಸಿನಲ್ಲಿ ನನಗಿಂತ ದೊಡ್ಡವರು, ಮಾತಿನಲ್ಲಿ ಬಹಳ ಮರ್ಯಾದೆ. ಮೊದಲೇ ಫೋನಿಗೆ ಫೋಟೋ ಕಳಿಸಿದ್ದರು. ಕಬಿನಿ ಹಿನ್ನೀರಿನ ಹತ್ತಿರದ ಹುಲಿ, ದುಬಾರೆಯ ಆನೆ, ಒಂದು ಮಿಂಚುಳ್ಳಿ. ಹುಲಿಯ ಮೀಸೆಯನ್ನು ಒಂದೊಂದಾಗಿ ಎಣಿಸಬಹುದಿತ್ತು. ಹೋಗಿ ನೋಡಿದರೆ ಲೆನ್ಸೂ ಹೊರಗಿನಿಂದ ಚೆನ್ನಾಗಿಯೇ ಇತ್ತು. ಮುಂದಿನ ಗಾಜಿನಲ್ಲಿ ಗೀರಿಲ್ಲ, ಜೂಮ್ ರಿಂಗ್ ಸಲೀಸಾಗಿ ತಿರುಗುತ್ತೆ, ಫೋಕಸ್ ತಕ್ಷಣ ಹಿಡಿಯುತ್ತೆ, ಬಿಲ್ಲು ಬಾಕ್ಸು ಎರಡೂ ಇದೆ. ನಮ್ಮಲ್ಲಿ ಜಾಸ್ತಿ ಜನ ನೋಡುವುದು ಇಷ್ಟನ್ನೇ.

"ಫಂಗಸ್ ಏನೂ ಇಲ್ಲ ತಾನೇ?" ಅಂತ ಬಾಯಿಬಿಟ್ಟು ಕೇಳಿದೆ.

"ಛೇ, ಎಲ್ಲಿಂದ ಬರಬೇಕು ಮಾರಾಯ್ರೆ? ಫೋಟೋ ನೋಡಿದ್ರಲ್ಲ" ಅಂದರು.

ಇಲ್ಲಿ ಫೋಟೋ ಮಸುಕಾದರೆ ಮೊದಲು ಬೈಸಿಕೊಳ್ಳುವುದು ಮಂಜು. ಮಾಂದಲಪಟ್ಟಿಯಲ್ಲಿ ತೆಗೆದದ್ದು ಮಸುಕು ಬಂತಾ, ಮಂಜು. ತಡಿಯಂಡಮೋಳ್ ಕಡೆ ಹೋದಾಗಲೂ ಮಸುಕಾ, ಮತ್ತೆ ಮಂಜು. ತೋಟದೊಳಗೆ ಬಂದರೆ ಬೇರೆ ನೆಪ. ಕಾಫಿ ಗಿಡಕ್ಕೆ ನೆರಳು ಬೇಕಲ್ಲ, ಮೇಲೆ ಸಿಲ್ವರ್ ಓಕು, ಹಲಸು, ಅತ್ತಿ. ಇಂಥ ಜೂಮನ್ನು 600ಕ್ಕೆ ಎಳೆದರೆ ಎಫ್/6.3 ಮಾತ್ರ ಸಿಗುತ್ತೆ (ಈ ಎಫ್ ನಂಬರ್ ಹೆಚ್ಚಾದಷ್ಟೂ ಒಳಗೆ ಬರುವ ಬೆಳಕು ಕಡಿಮೆ). ಐಎಸ್ಒ, ಅಂದರೆ ಕ್ಯಾಮೆರಾ ಬೆಳಕನ್ನು ಹೆಚ್ಚಿಸಿ ತೋರಿಸುವ ಮಟ್ಟ, 3200, 6400ಕ್ಕೆ ಹೋಗದೆ ವಿಧಿಯಿಲ್ಲ, ಫೋಟೋದಲ್ಲಿ ಕಾಳುಕಾಳಾದ ನಾಯ್ಸ್ ತುಂಬುತ್ತೆ. ಈ ಕಾರಣಗಳು ಸುಳ್ಳಲ್ಲ. ಅದಕ್ಕೇ ಇಲ್ಲಿ ಲೆನ್ಸಿನ ಕಾಯಿಲೆ ಬೇಗ ಹೊರಗೆ ಬೀಳಲ್ಲ. ಜೊತೆಯವರಿಗೆ ತೋರಿಸಿದರೆ ಎಲ್ಲರದ್ದೂ ಒಂದೇ ಮದ್ದು: "ಡಿಹೇಜ್ ಸ್ವಲ್ಪ ಎಳೀರಿ, ಸರಿಹೋಗುತ್ತೆ."

ಎಳೆದರೆ ನಿಜಕ್ಕೂ ಸರಿಹೋಗುತ್ತಿತ್ತು. ತೊಂದರೆ ಆದದ್ದೇ ಅಲ್ಲಿ. ಫೋಟೋ ಎಡಿಟ್ ಮಾಡುವ ಸಾಫ್ಟ್‌ವೇರ್ ಲೈಟ್‌ರೂಮ್‌ಗೆ ಈ ಡಿಹೇಜ್ ಬಂದದ್ದು 2015ರಲ್ಲಿ. ಚದುರಿದ ಬೆಳಕು ಫೋಟೋದ ಮೇಲೆಲ್ಲ ತೆಳುವಾಗಿ ಹರಡಿ ಕಪ್ಪು ಬೂದಿಯಾಗಿರುತ್ತಲ್ಲ, ಅದನ್ನು ಮತ್ತೆ ಕಪ್ಪಾಗಿಸುವುದು ಅದರ ಕೆಲಸ. ಆ ಬೆಳಕು ಬೆಟ್ಟದ ಮಂಜಿನಲ್ಲಿ ಚದುರಿತೋ ಲೆನ್ಸ್ ಒಳಗಿನ ಬೂಷ್ಟಿನಲ್ಲಿ ಚದುರಿತೋ, ಸಾಫ್ಟ್‌ವೇರ್‌ಗೆ ಏನು ಗೊತ್ತು? 2023ರಲ್ಲಿ ಅದೇ ಸಾಫ್ಟ್‌ವೇರ್‌ಗೆ ನಾಯ್ಸ್ ತೆಗೆಯುವ ಎಐ ಡಿನಾಯ್ಸ್ ಕೂಡ ಬಂತು. ಎರಡನ್ನೂ ಹಾಕಿ, ಅಳತೆ ಚಿಕ್ಕದು ಮಾಡಿ ಫೋನಿಗೆ ಕಳಿಸಿದರೆ ಹಾಳಾದ ಲೆನ್ಸಿನ ಫೋಟೋ ಕೂಡ ಲಕ್ಷಣವಾಗಿ ಕಾಣುತ್ತೆ.

ನಿಜ ಸಂಗತಿ ಗೊತ್ತಾಗಿದ್ದು ಒಂದು ಮಂಗಟ್ಟೆ ಹಕ್ಕಿಯಿಂದ. ಶ್ರೀಮಂಗಲದ ಕಡೆ ಪರಿಚಯದವರ ತೋಟದಲ್ಲಿ ಅತ್ತಿಮರ ಹಣ್ಣು ಬಿಟ್ಟಿತ್ತು. ಆವತ್ತು ಮಂಜೂ ಇಲ್ಲ, ಮಳೆಯೂ ಇಲ್ಲ. ಹಕ್ಕಿ ಮೇಲಿನ ಕೊಂಬೆಯಲ್ಲಿ ಕೂತಿತ್ತು, ಹಿಂದೆ ಬೆಳ್ಳಗಿನ ಆಕಾಶ. ದೊಡ್ಡ ಮಂಗಟ್ಟೆಯ ರೆಕ್ಕೆ ಎಷ್ಟು ಕಪ್ಪು ಅಂತ ನೋಡಿದವರಿಗೆ ಗೊತ್ತು. ನನ್ನ ಸ್ಕ್ರೀನಿನಲ್ಲಿ ಅದು ಬೂದಿ ಬಣ್ಣ. ಕೊಂಬೆಗಳ ಅಂಚಿನಲ್ಲೆಲ್ಲ ಬಿಳಿ ಬೆಳಕು ಹಬ್ಬಿಕೊಂಡಿತ್ತು. ಜೊತೆಗಿದ್ದ ಹುಡುಗ ತನ್ನ ಹಳೇ 70-300 ಲೆನ್ಸನ್ನು ನನ್ನ ಕ್ಯಾಮೆರಾಗೆ ಹಾಕಿ ಅದೇ ಜಾಗದಲ್ಲಿ ನಿಂತು ತೆಗೆದ. ಹಕ್ಕಿ ಚಿಕ್ಕದಾಗಿ ಬಂತು. ಆದರೆ ಕಪ್ಪು ಕಪ್ಪಾಗಿಯೇ ಬಂತು. "ಅಣ್ಣ, ಇದು ಮಂಜಲ್ಲ" ಅಂದ.

ರಾತ್ರಿ ರೂಮಿನ ಲೈಟ್ ಆರಿಸಿ, ಎರಡು ಕಡೆಯ ಮುಚ್ಚಳ ತೆಗೆದು, ಮುಂದಿನ ಗಾಜಿಗೆ ಫೋನಿನ ಟಾರ್ಚನ್ನು ಓರೆಯಾಗಿ ಹಿಡಿದು ಹಿಂದಿನಿಂದ ನೋಡಿದೆ. ನೇರವಾಗಿ ಹಿಡಿದಾಗ ಏನೂ ಇಲ್ಲ, ಬರೀ ಬೆಳಕು. ಟಾರ್ಚನ್ನು ಸ್ವಲ್ಪ ಸ್ವಲ್ಪವೇ ಬದಿಗೆ ಸರಿಸಿದಂತೆ ಗಾಜಿನ ಅಂಚಿನಿಂದ ಬಿಳಿ ಎಳೆಗಳು ಎದ್ದವು. ಒಂದು ಎಳೆ ಒಡೆದು ಎರಡಾಗಿ, ಎರಡು ನಾಲ್ಕಾಗಿ, ನಡುವಿನ ಕಡೆಗೆ ಹಬ್ಬಿದ್ದವು, ಥೇಟ್ ಜೇಡರ ಬಲೆ. ಜೂಮ್ ತಿರುಗಿಸಿದರೆ ಅದರ ಹಿಂದೆ ಇನ್ನೊಂದು ಗಾಜು ಪೂರ್ತಿ ಹಾಲು ಚೆಲ್ಲಿ ಒರೆಸಿದಷ್ಟು ಮಬ್ಬು. ಹಗಲು ಬೆಳಕಿನಲ್ಲಿ, ಟ್ಯೂಬ್‌ಲೈಟ್ ಕೆಳಗೆ ಇದ್ಯಾವುದೂ ಕಾಣಲ್ಲ. ಬೇಕಾದರೆ ನಿಮ್ಮ ಲೆನ್ಸನ್ನು ಇವತ್ತು ರಾತ್ರಿಯೇ ನೋಡಿ.

ಮೈಸೂರಿನಲ್ಲಿ ರಿಪೇರಿಯವರು ಬಿಚ್ಚಿ ನೋಡಿದರು. ಬೂಷ್ಟು ಗಾಜಿನ ಮೇಲೆ ಸುಮ್ನೆ ಕೂರಲ್ಲ, ಅದು ಬಿಡುವ ಆಮ್ಲ ಗಾಜಿನ ಕೋಟಿಂಗನ್ನು ತಿನ್ನುತ್ತೆ. ಶುರುವಿನಲ್ಲೇ ಸಿಕ್ಕಿದ್ದರೆ ಒರೆಸಿ ತೆಗೆಯಬಹುದಿತ್ತಂತೆ. ಈಗ ಮುಂದಿನ ಗಾಜುಗಳನ್ನು ಒರೆಸಿದರೂ ಕಲೆ ಉಳಿಯುತ್ತೆ. ಒಳಗೆ ಎರಡು ಗಾಜು ಸೇರಿಸಿ ಅಂಟಿಸಿದ ಜೋಡಿಯ ನಡುವೆ ಹೊಕ್ಕಿದ್ದನ್ನಂತೂ ತೆಗೆಯೋ ದಾರಿಯೇ ಇಲ್ಲ, ಆ ಭಾಗವನ್ನೇ ಬದಲಿಸಬೇಕು. ಬಿಸಿಲಿಗೆ ಇಟ್ಟರೆ ಹೋಗುತ್ತೆ ಅಂತ ಹೇಳುವವರು ಸಿಗುತ್ತಾರೆ. ಬಿಸಿಲಿನ ಅಲ್ಟ್ರಾವಯಲೆಟ್‌ಗೆ ಬೂಷ್ಟು ಸಾಯಬಹುದು, ತಿಂದುಹಾಕಿದ ಕೋಟಿಂಗ್ ವಾಪಸ್ ಬರಲ್ಲ.

ಮಾರಿದವರಿಗೆ ಫೋನ್ ಮಾಡಿದೆ. ಮೊದಲು, ನನ್ನ ಮನೆಯಲ್ಲೇ ಬಂದಿರಬೇಕು ಅಂದರು. ಗಾಜಿನ ಕೋಟಿಂಗ್ ತಿನ್ನುವಷ್ಟು ಹಳೆಯ ಬೂಷ್ಟು ಅದು, ನನ್ನ ಮನೆಗೆ ಬಂದ ಮೇಲೆ ಹುಟ್ಟಿದ್ದಲ್ಲ ಅಂತ ರಿಪೇರಿಯವರು ಹೇಳಿದ್ದನ್ನು ಹೇಳಿದೆ. ಕಳಿಸಿದ್ದ ಫೋಟೋಗಳ ಮೂಲ ಫೈಲ್, ಅಂದರೆ ಎಡಿಟ್ ಆಗುವ ಮುಂಚಿನ ರಾ ಫೈಲ್, ಕೇಳಿದೆ. "ರಾ ಫೈಲ್ ಎಲ್ಲ ಯಾರು ಇಟ್ಕೋತಾರೆ?" ಅಂದರು. ಒತ್ತಾಯ ಮಾಡಿದ ಮೇಲೆ ಆ ಹುಲಿಯ ಜೆಪೆಗ್ ಫೈಲನ್ನು ಡಾಕ್ಯುಮೆಂಟ್ ಆಗಿ ಕಳಿಸಿದರು. ಅದರ ಮಾಹಿತಿ ತೆಗೆದು ನೋಡಿದರೆ ಎಡಿಟ್ ಮಾಡಿದ ಸಾಫ್ಟ್‌ವೇರ್ ಹೆಸರೂ ಇತ್ತು, ತೆಗೆದ ತಾರೀಖೂ ಇತ್ತು. ಹುಲಿ ಎರಡು ಬೇಸಿಗೆ ಹಿಂದಿನದ್ದು! ಅಂದರೆ ಆ ಫೋಟೋ ಆದಮೇಲೆ ಲೆನ್ಸ್ ಎರಡು ಕೊಡಗಿನ ಮಳೆಗಾಲ ಕಂಡಿದೆ. ಮಿಂಚುಳ್ಳಿ ಮಾತ್ರ ಇತ್ತೀಚಿನದ್ದು. ಬಿಸಿಲು ಕ್ಯಾಮೆರಾ ಹಿಂದಿನಿಂದ ಬಂದು ಹಕ್ಕಿಯ ಮೈಮೇಲೆ ನೇರ ಬಿದ್ದಾಗ ತೆಗೆದು, ಮೇಲೆ ಕಾಂಟ್ರಾಸ್ಟ್ ಏರಿಸಿದ್ದರು. ಅಂಥ ಬೆಳಕಿನಲ್ಲಿ ಫಂಗಸ್ ಇರುವ ಲೆನ್ಸ್ ಕೂಡ ಒಳ್ಳೆಯ ಫೋಟೋ ಕೊಡುತ್ತೆ.

ಕೊನೆಗೆ ಅವರು ಹೇಳಿದ ಮಾತು ಇದು: "ಎಡಿಟ್ ಮಾಡದೆ ಫೋಟೋ ಹಾಕೋರು ಯಾರಿದ್ದಾರೆ ಹೇಳಿ? ನೀವೂ ಮಾಡ್ತೀರಲ್ಲ."

ಮಾಡ್ತೀನಿ. ಅದರಲ್ಲಿ ನಾಚಿಕೆಯೇನೂ ಇಲ್ಲ. ಕ್ಯಾಮೆರಾದಿಂದ ಬಂದದ್ದೇ ಸತ್ಯ, ಉಳಿದದ್ದೆಲ್ಲ ಮೋಸ ಅನ್ನುವವರ ಜೊತೆ ನಾನಿಲ್ಲ. ಅವರ ಜೆಪೆಗ್ಗನ್ನೂ ಕ್ಯಾಮೆರಾ ಒಳಗಡೆಯೇ ಎಡಿಟ್ ಮಾಡಿರುತ್ತೆ. ಬಣ್ಣ, ಕಾಂಟ್ರಾಸ್ಟ್, ಶಾರ್ಪ್‌ನೆಸ್ ಎಲ್ಲ ಸೇರಿಸಿಯೇ ಅದು ಫೈಲ್ ಕೊಡುವುದು. ಗೋಡೆಗೆ ಹಾಕುವ ಫೋಟೋಗೆ ನೀವು ಎಷ್ಟು ಬೇಕಾದರೂ ಡಿಹೇಜ್ ಎಳೀರಿ, ರಾಜಾಸೀಟಿನ ಸಂಜೆಯನ್ನು ಕಿತ್ತಳೆ ಬಣ್ಣ ಮಾಡಿ, ಅದು ನಿಮ್ಮಿಷ್ಟ. ಆದರೆ ಲೆನ್ಸ್ ಹೇಗಿದೆ ಅಂತ ತೋರಿಸೋಕೆ ಕಳಿಸಿದ ಫೋಟೋ ಇದೆಯಲ್ಲ, ಅದು ಕಲೆ ಅಲ್ಲ, ಸಾಕ್ಷಿ. ಅದಕ್ಕೆ ಡಿಹೇಜ್ ಹಾಕುವುದು ಅಂದರೆ ಓಡಿದ ಬೈಕಿನ ಮೀಟರ್ ಹಿಂದಕ್ಕೆ ತಿರುಗಿಸುವುದೇ. ದೊಡ್ಡ ಸ್ಪರ್ಧೆಗಳಲ್ಲಿ ಮೂಲ ಫೈಲ್ ಕೇಳುವುದೂ ಇದೇ ಕಾರಣಕ್ಕೆ. ಸುದ್ದಿ ಚಿತ್ರಗಳಿಗಾಗಿ ನಡೆಯುವ ವರ್ಲ್ಡ್ ಪ್ರೆಸ್ ಫೋಟೋ ಸ್ಪರ್ಧೆಯಲ್ಲಿ 2015ರಲ್ಲಿ ಕೊನೆಯದಕ್ಕಿಂತ ಒಂದು ಸುತ್ತು ಮುಂಚೆ ಮೂಲ ಫೈಲ್ ಜೊತೆ ಹೋಲಿಸಿ ನೋಡಿ, ಆ ಸುತ್ತಿನ ಸುಮಾರು 20 ಪರ್ಸೆಂಟ್ ಚಿತ್ರಗಳನ್ನು ಹೊರಗೆ ಹಾಕಿದ್ದರು. ಅಲ್ಲೇ ಹಾಗಾದರೆ, ನಾವು ನಾವೇ ಕೊಟ್ಟು ತಗೊಳ್ಳುವಾಗ ಕೇಳೋಕೆ ಸಂಕೋಚ ಯಾಕೆ?

ಆದ್ದರಿಂದ ಕೇಳಿ. ಫೋಟೋವನ್ನು ವಾಟ್ಸಾಪ್‌ನಲ್ಲಿ ಮಾಮೂಲಿಯಾಗಿ ಕಳಿಸಿದರೆ ಒಳಗಿನ ಮಾಹಿತಿ ಅಳಿಸಿ ಹೋಗುತ್ತೆ, ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. ಈ ವಾರ ತೆಗೆದ ರಾ ಫೈಲ್ ಬೇಕು ಅನ್ನಿ. ಹುಲಿ ಆನೆ ಬೇಡ. ಅಂಗಳದ ಮರದ ಕೊಂಬೆ ಸಾಕು, ಹಿಂದೆ ಆಕಾಶ ಇರಬೇಕು, ಬೆಳಕು ಎದುರಿನಿಂದ ಬರಬೇಕು. ಕೆಲವು ಕ್ಯಾಮೆರಾಗಳು ಫೈಲಿನಲ್ಲಿ ಲೆನ್ಸಿನ ಸೀರಿಯಲ್ ನಂಬರನ್ನೂ ಬರೆದಿಡುತ್ತವೆ, ಇದ್ದರೆ ಲೆನ್ಸಿನ ಮೇಲಿರುವ ನಂಬರ್ ಜೊತೆ ತಾಳೆ ನೋಡಿ. ಕೊಡೋಕೆ ಹಿಂದೆ ಮುಂದೆ ನೋಡಿದರೆ ನೀವೂ ಮುಂದಕ್ಕೆ ಹೋಗಿ, ಬೇರೆ ಲೆನ್ಸ್ ಸಿಗುತ್ತೆ.

ನೋಡಲು ಹೋಗುವಾಗ ಟಾರ್ಚ್ ಜೊತೆಗೆ ನಿಮ್ಮ ಕ್ಯಾಮೆರಾ, ನಿಮ್ಮದೇ ಇನ್ನೊಂದು ಲೆನ್ಸ್ ತಗೊಂಡು ಹೋಗಿ. ಎರಡರಲ್ಲೂ ಒಂದೇ ಜಾಗವನ್ನು ಬೆಳಕಿಗೆ ಎದುರಾಗಿ ತೆಗೆದು ಕಪ್ಪನ್ನು ಹೋಲಿಸಿ. ಟಾರ್ಚ್ ಹಾಕುವಾಗ ಲೆನ್ಸ್ ಒಳಗೆ ಬೆಳಕಿನ ದಾರಿಯನ್ನು ಕಿರಿದು ಹಿರಿದು ಮಾಡುವ ಲೋಹದ ಎಲೆಗಳು ತೆರೆದಿರಬೇಕು. ಕ್ಯಾನನ್ ಇಎಫ್ ಲೆನ್ಸುಗಳಲ್ಲಿ ಬಿಚ್ಚಿಟ್ಟಾಗಲೂ ತೆರೆದೇ ಇರುತ್ತವೆ. ನಿಕಾನ್‌ನ ಹಳೇ ಎಫ್ ಮೌಂಟ್ ಲೆನ್ಸುಗಳಲ್ಲಿ ಮುಚ್ಚಿಕೊಂಡಿರುತ್ತವೆ, ಹಿಂದಿರುವ ಸಣ್ಣ ಲಿವರನ್ನು ಬೆರಳಿನಿಂದ ಮೆಲ್ಲಗೆ ಸರಿಸಿ ಹಿಡಿಯಬೇಕು. ಒಂದೆರಡು ದೂಳಿನ ಕಣ ಕಂಡರೆ ಹೆದರಬೇಡಿ, ಎಲ್ಲ ಹಳೇ ಲೆನ್ಸಿನಲ್ಲೂ ಇರುತ್ತೆ. ಎಳೆ ಎಳೆಯಾಗಿ ಕಂಡರೆ, ಮಬ್ಬು ಪದರ ಕಂಡರೆ ಎದ್ದು ಬನ್ನಿ. ಹಿಂದಿನ ಗಾಜುಗಳಲ್ಲಿ ಇದ್ದರೆ ಫೋಟೋ ಮೇಲೆ ಪರಿಣಾಮ ಇನ್ನೂ ಜಾಸ್ತಿ.

ಇನ್ನೊಂದು ಮಾತು, ಲೆನ್ಸ್ ಆಯ್ಕೆಯ ಬಗ್ಗೆ. ಎಲ್ಲರಿಗೂ 600 ಬೇಕು. ಜೂಮ್ ಮಾಡಿದಾಗ ಮುಂದಕ್ಕೆ ಉದ್ದವಾಗುವ ಲೆನ್ಸ್ ಪ್ರತಿ ಸಲ ಹೊರಗಿನ ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತೆ. ಜುಲೈನಲ್ಲಿ ಭಾಗಮಂಡಲದ ಗಾಳಿ ಅಂದರೆ ಅರ್ಧ ನೀರು. ಉದ್ದವಾಗದ 300 ಎಫ್/4 ಥರದ ಲೆನ್ಸು ದೂರಕ್ಕೆ ಕಡಿಮೆ, ಆದರೆ ನೆರಳಿನ ತೋಟದಲ್ಲಿ ಒಂದು ಸ್ಟಾಪಿಗಿಂತ ಜಾಸ್ತಿ, ಅಂದರೆ ಎರಡು ಪಟ್ಟಿಗಿಂತ ಹೆಚ್ಚು, ಬೆಳಕು ಕೊಡುತ್ತೆ. ಅದನ್ನೂ ಟಾರ್ಚ್ ಹಾಕಿ ನೋಡಿಯೇ ತಗೊಳ್ಳಬೇಕು, ಅದು ಬೇರೆ ವಿಷಯ. ನನ್ನನ್ನು ಕೇಳಿದರೆ ಇಲ್ಲಿಗೆ ಅದೇ ವಾಸಿ.

ಇರುವ ಲೆನ್ಸನ್ನು ಉಳಿಸಿಕೊಳ್ಳುವುದು ಕಷ್ಟವಲ್ಲ. ಬೆಲ್ಟು, ಶೂ ಬೂಷ್ಟು ಹಿಡಿಯುವ ಕಪಾಟಿನಲ್ಲಿ ಲೆನ್ಸ್ ಇಟ್ಟರೆ ಅದಕ್ಕೂ ಹಿಡಿಯುತ್ತೆ. ಚರ್ಮದ ಕೇಸು, ಒದ್ದೆ ಕ್ಯಾಮೆರಾ ಬ್ಯಾಗು ಎರಡೂ ಬೇಡ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ, ಒಳಗೆ ಸಿಲಿಕಾ ಜೆಲ್, ಒಂದು ಸಣ್ಣ ತೇವಾಂಶದ ಮೀಟರ್. ಮೀಟರ್ 40ರಿಂದ 50 ಪರ್ಸೆಂಟ್ ಒಳಗೆ ತೋರಿಸುತ್ತಿರಬೇಕು. ನೀಲಿ ಜೆಲ್ ಗುಲಾಬಿ ಬಣ್ಣಕ್ಕೆ ತಿರುಗಿದರೆ ಬಿಸಿ ಮಾಡಿ ಒಣಗಿಸಿ, ಮತ್ತೆ ನೀಲಿಯಾಗುತ್ತೆ. ಅಡುಗೆ ಪಾತ್ರೆಯಲ್ಲಿ ಮಾತ್ರ ಮಾಡಬೇಡಿ. ಕರೆಂಟಿನ ಡ್ರೈ ಕ್ಯಾಬಿನೆಟ್ ಒಳ್ಳೆಯದೇ, ಆದರೆ ಮಳೆಗಾಲದಲ್ಲಿ ಮರ ಬಿದ್ದು ದಿನಗಟ್ಟಲೆ ಕರೆಂಟ್ ಇಲ್ಲದಿದ್ದರೆ ಅದೂ ಬರೀ ಕಪಾಟು. ಅಕ್ಕಿ ಡಬ್ಬದಲ್ಲಿ ಹುಗಿಯುವ ಉಪಾಯ ಬೇಡ, ಅಕ್ಕಿಯ ಹುಡಿ ಲೆನ್ಸ್ ಸಂದಿಗೆ ಸೇರುತ್ತೆ.

ನನ್ನ ಹಣ ವಾಪಸ್ ಬಂದಿಲ್ಲ, ಬರುವ ಲಕ್ಷಣವೂ ಇಲ್ಲ. ಕೊಟ್ಟದ್ದು ನಗದು, "ಫಂಗಸ್ ಇಲ್ಲ" ಅಂದದ್ದು ಬಾಯಿಮಾತು. ನೀವು ತಗೊಳ್ಳುವಾಗ ಆ ಒಂದು ಸಾಲನ್ನು ಮೆಸೇಜಿನಲ್ಲಿ ಬರೆಸಿಕೊಳ್ಳಿ, ದುಡ್ಡನ್ನು ಬ್ಯಾಂಕ್ ಮೂಲಕವೇ ಕಳಿಸಿ, ಹಿಂದಿರುಗಿಸಲು ಒಂದು ವಾರ ಕೇಳಿ. ಅದೇ ವ್ಯಕ್ತಿ ಈಗ ಇನ್ನೊಂದು ಲೆನ್ಸ್ ಮಾರಾಟಕ್ಕೆ ಇಟ್ಟಿದ್ದಾರೆ ಅಂತ ಗೊತ್ತಾಯಿತು. ನೋಡಲು ಹೋಗುವವರು ಕತ್ತಲಾದ ಮೇಲೆ ಹೋಗಿ.