ಮಂಚಕ್ಕೆ ಕಾಲು ಬೆಳೆದಾಗ: ಮಕ್ಕಳಿಗೆ 'ಲಿಟಲ್ ನೆಮೊ' ಓದಿಸುವ ಮುಂಚೆ

ಕನಸಿನ ಸಾಹಸದ ಚಿತ್ರಕಥೆ ಬೇಕು, ಎಂಟರಿಂದ ಹನ್ನೆರಡು ವರ್ಷದವರಿಗೆ ಹಿಡಿಸಬೇಕು, ಇಂಗ್ಲಿಷ್ ಅಷ್ಟಾಗಿ ಬಾರದಿದ್ದರೂ ನಡೆಯಬೇಕು. ಹೀಗೆ ಹುಡುಕುವ ಹುಬ್ಬಳ್ಳಿ-ಧಾರವಾಡದ ಪಾಲಕರಿಗೂ ಮಾಸ್ತರರಿಗೂ ನಾವು ಮೊದಲು ಹೇಳುವ ಹೆಸರು ವಿನ್ಸರ್ ಮೆಕ್ಕೇ ಬರೆದು ಚಿತ್ರಿಸಿದ 'ಲಿಟಲ್ ನೆಮೊ ಇನ್ ಸ್ಲಂಬರ್‌ಲ್ಯಾಂಡ್'. ಇದು ಹೊಸ ಪುಸ್ತಕವಲ್ಲ. ಮೊದಲ ಪುಟ ನ್ಯೂಯಾರ್ಕ್ ಹೆರಾಲ್ಡ್ ಪತ್ರಿಕೆಯಲ್ಲಿ ಬಂದದ್ದು 1905ರ ಅಕ್ಟೋಬರ್ 15, ರವಿವಾರ. ಅಲ್ಲಿಂದ 1911ರವರೆಗೆ ಅದೇ ಪತ್ರಿಕೆಯಲ್ಲಿ ವಾರಕ್ಕೊಂದು ಪುಟ. ಆಮೇಲೆ ಬೇರೆ ಪತ್ರಿಕೆಗೆ ಹೋಗಿ 1914ರ ತನಕ ನಡೆಯಿತು, 1924ರಿಂದ 26ರ ನಡುವೆ ಮತ್ತೆ ಹೆರಾಲ್ಡ್‌ಗೆ (ಆಗ ಅದು ಹೆರಾಲ್ಡ್ ಟ್ರಿಬ್ಯೂನ್) ಮರಳಿತು. ಮಕ್ಕಳಿಗೆ ಮೊದಲ ಆರು ವರ್ಷದ ಪುಟಗಳೇ ಸಾಕು. ಕಸುವೆಲ್ಲ ಅಲ್ಲೇ ಇದೆ.

ಕಥೆ ಸರಳ. ನಿದ್ದೆನಾಡಿನ ಅರಸ ಮಾರ್ಫಿಯಸ್‌ಗೆ ತನ್ನ ಮಗಳ ಜೊತೆ ಆಡಲು ಒಬ್ಬ ಗೆಳೆಯ ಬೇಕು. ನೆಮೊ ಎಂಬ ಹುಡುಗನನ್ನು ಕರೆತರಲು ದೂತನನ್ನು ಕಳಿಸುತ್ತಾನೆ. ಮೊದಲ ರಾತ್ರಿ ಕುದುರೆ ಬರುತ್ತದೆ, ಚುಕ್ಕಿಗಳ ನಡುವೆ ಓಟ ಶುರುವಾಗುತ್ತದೆ, ಹುಡುಗ ಜಾರಿ ಬೀಳುತ್ತಾನೆ, ಎಚ್ಚರವಾಗುತ್ತದೆ. ಮುಂದಿನ ವಾರ ಮತ್ತೆ ಹೊರಡುತ್ತಾನೆ, ಮತ್ತೆ ಏನೋ ಕೆಡುತ್ತದೆ. ರಾಜಕುಮಾರಿಯ ಮುಖ ನೋಡಲು ನೆಮೊಗೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಲ್ಯಾಟಿನ್‌ನಲ್ಲಿ 'ನೆಮೊ' ಅಂದರೆ 'ಯಾರೂ ಅಲ್ಲ'. ಮೆಕ್ಕೇ ಈ ಹುಡುಗನನ್ನು ತನ್ನ ಮಗ ರಾಬರ್ಟ್‌ನನ್ನು ನೋಡಿ ಬರೆದದ್ದು.

ಪ್ರತಿ ಪುಟದ ಕೊನೆಯ ಚೌಕಟ್ಟು ಒಂದೇ ಜಾಗದಲ್ಲಿ, ಒಂದೇ ಕೆಲಸಕ್ಕೆ ಇರುತ್ತದೆ: ಕೆಳಗೆ ಬಲಮೂಲೆಯಲ್ಲಿ ಪುಟ್ಟದಾಗಿ, ಹುಡುಗ ಎದ್ದು ಕೂತಿರುತ್ತಾನೆ ಇಲ್ಲವೇ ಮಂಚದಿಂದ ಬಿದ್ದಿರುತ್ತಾನೆ. ಇದು ಗೊತ್ತಿದ್ದೂ ಮಕ್ಕಳಿಗೆ ಬೇಸರ ಬರುವುದಿಲ್ಲ. ಬೀಳುತ್ತಾನೆ ಎಂಬುದು ಖಾತ್ರಿ, ಹೇಗೆ ಬೀಳುತ್ತಾನೆ ಎಂಬುದಷ್ಟೇ ಗುಟ್ಟು.

ಈ ಪುಸ್ತಕದ ನಿಜವಾದ ಶಕ್ತಿ ಚೌಕಟ್ಟಿನ ಆಕಾರದಲ್ಲಿದೆ. ಎರಡನೆಯ ವಾರದ ಪುಟದಲ್ಲಿ ನೆಮೊ ಅಣಬೆಯ ಕಾಡಿಗೆ ಹೋಗುತ್ತಾನೆ. ಅಣಬೆ ಬೆಳೆದಂತೆ ಚೌಕಟ್ಟೂ ಉದ್ದವಾಗುತ್ತದೆ. ಅಣಬೆ ದೊಡ್ಡದಾಯಿತು ಎಂದು ಓದಿ ತಿಳಿಯಬೇಕಿಲ್ಲ, ಕಣ್ಣು ಮೇಲಿನಿಂದ ಕೆಳಗೆ ಇಳಿಯುವ ದೂರವೇ ಹೆಚ್ಚುತ್ತದೆ. 1908ರ ಜುಲೈ 26ರ ಪುಟ ಇನ್ನೂ ಹೆಸರಾದದ್ದು. ನೆಮೊ, ಅವನ ಪಕ್ಕ ಕನಸು ಕೆಡಿಸುವ ಉಪದ್ವ್ಯಾಪಿ ಫ್ಲಿಪ್, ಇಬ್ಬರೂ ಮಂಚದ ಮೇಲಿದ್ದಾರೆ. ಮಂಚದ ಕಾಲು ಉದ್ದವಾಗತೊಡಗುತ್ತವೆ. ಮಂಚ ಕುದುರೆಯಂತೆ ಕಾಲೆತ್ತಿ ಮನೆಯಿಂದ ಹೊರಬೀಳುತ್ತದೆ, ಬೀದಿಗಿಳಿಯುತ್ತದೆ, ಕಟ್ಟಡಗಳನ್ನು ದಾಟುತ್ತದೆ. ಕಡೆಗೆ ಚರ್ಚಿನ ಗೋಪುರಕ್ಕೆ ಕಾಲು ಸಿಕ್ಕಿ ಮುಗ್ಗರಿಸುತ್ತದೆ. ಇಡೀ ಪುಟದ ಮಾತನ್ನೆಲ್ಲ ಬಿಳಿ ಕಾಗದದಿಂದ ಮುಚ್ಚಿದರೂ ಮೂರನೆಯ ಇಯತ್ತೆಯ ಮಗು ಕಥೆ ಹೇಳಬಲ್ಲದು. ಇಂಗ್ಲಿಷ್ ಅಡ್ಡ ಬರುವ ಮಕ್ಕಳಿಗೆ ನಾವು ಈ ಪುಟದಿಂದಲೇ ಶುರು ಮಾಡಿ ಅನ್ನುತ್ತೇವೆ. 1905ರ ಮೊದಲ ಪುಟದಿಂದಲ್ಲ. ಆರಂಭದ ಪುಟಗಳಲ್ಲಿ ಚಿತ್ರದ ಕೆಳಗೆ ಸಾಲುಗಟ್ಟಲೆ ಬರಹವಿದೆ, ಅದು ಮಕ್ಕಳನ್ನು ನಿಲ್ಲಿಸಿಬಿಡುತ್ತದೆ.

ಒಂದು ಸಣ್ಣ ಸೂಚನೆ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಮಕ್ಕಳು ನೆಲದ ಮೇಲೆ ಗಾದಿ ಹಾಸಿ, ಕೌದಿ ಹೊದ್ದು ಮಲಗುತ್ತಾರೆ. ಮಂಚದಿಂದ ಉರುಳಿದಾಗಿನ ಪೆಟ್ಟು ಅವರಿಗೆ ಗೊತ್ತಿರುವುದಿಲ್ಲ. ನೆಮೊನ ಮಂಚ ಎಷ್ಟು ಎತ್ತರ ಎಂದು ಮೊದಲೇ ಕೈಯಿಂದ ತೋರಿಸಿಬಿಡಿ, ಇಲ್ಲದಿದ್ದರೆ ಕೊನೆಯ ಚೌಕಟ್ಟು ಸಪ್ಪೆಯಾಗುತ್ತದೆ.

ಈಗ ಅಳತೆಯ ಮಾತು. ಈ ಪುಸ್ತಕ ಓದಿ "ಏನೂ ಹಿಡಿಸಲಿಲ್ಲ" ಅನ್ನುವ ಹೆಚ್ಚಿನವರು ಅದನ್ನು ಮೊಬೈಲಿನಲ್ಲೋ ಎ4 ಹಾಳೆಯಲ್ಲೋ ನೋಡಿರುತ್ತಾರೆ. ಮೂಲ ಪುಟ ಪತ್ರಿಕೆಯ ಪೂರ್ತಿ ಹಾಳೆ. ಅದೇ ಅಳತೆಗೆ 2005ರಲ್ಲಿ ಮರುಮುದ್ರಣವಾದ ಸಂಕಲನ 16 ಇಂಚು ಅಗಲ, 21 ಇಂಚು ಎತ್ತರ ಇದೆ. ಎ4 ಹಾಳೆಯ ಅಗಲ 8.3 ಇಂಚು. ಅಂದರೆ ಚಿತ್ರ ಸುಮಾರು ಅರ್ಧಕ್ಕೆ ಕುಗ್ಗುತ್ತದೆ, ಅಕ್ಷರ ಇರುವೆಯ ಸಾಲಾಗುತ್ತದೆ. ಎ3ರಲ್ಲಿ ಶೇ. 73ರಷ್ಟು ಉಳಿಯುತ್ತದೆ, ಇಬ್ಬರು ಮಕ್ಕಳು ತಲೆ ಹಚ್ಚಿ ಕೂತು ಓದಬಹುದು. ಎ2 ಹಾಕಿಸಿದರೆ ಮೂಲ ಅಳತೆಯೇ ಸಿಗುತ್ತದೆ. ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಡ್ರಾಯಿಂಗ್ ಹಾಕಿಕೊಡುವ, ಪ್ಲಾಟರ್ (ದೊಡ್ಡ ಹಾಳೆಯ ಪ್ರಿಂಟರ್) ಇರುವ ಅಂಗಡಿಯಲ್ಲಿ ಎ2 ಕೇಳಿ. ಪ್ಲಾಟರ್ ಸಿಗದಿದ್ದರೂ ದಾರಿಯಿದೆ. ಪುಟವನ್ನು ಅಡ್ಡಕ್ಕೆ ಎರಡು ಭಾಗ ಮಾಡಿದರೆ ಒಂದೊಂದು ಸುಮಾರು 16 ಇಂಚು ಅಗಲ, ಹತ್ತೂವರೆ ಇಂಚು ಎತ್ತರ ಬರುತ್ತದೆ. ಎ3 ಹಾಳೆ ಅಡ್ಡ ಹಿಡಿದಾಗ ಹದಿನಾರೂವರೆಗೆ ಹನ್ನೊಂದೂಮುಕ್ಕಾಲು. ಸರಿಯಾಗಿ ಕೂರುತ್ತದೆ. ಕತ್ತರಿಸುವಾಗ ಎರಡು ಸಾಲುಗಳ ನಡುವಿನ ಬಿಳಿ ಪಟ್ಟಿಯಲ್ಲೇ ಕತ್ತರಿಸಿ, ಹಿಂಬದಿಯಿಂದ ಟೇಪ್ ಹಚ್ಚಿ. ಮೇಲಿನಿಂದ ಕೆಳಗಿನ ತನಕ ಉದ್ದ ಚೌಕಟ್ಟು ಇರುವ ಪುಟಕ್ಕೆ ಈ ಉಪಾಯ ನಡೆಯುವುದಿಲ್ಲ, ಅದಕ್ಕೆ ಎ2ನೇ ಬೇಕು.

ಪ್ರಿಂಟ್ ಹಾಕಿಸಬಹುದೇ ಎಂಬ ಅನುಮಾನ ಬೇಡ. ಮೆಕ್ಕೇ ತೀರಿಕೊಂಡದ್ದು 1934ರಲ್ಲಿ. ನಮ್ಮ ಕಾನೂನಿನಲ್ಲಿ ಲೇಖಕ ತೀರಿದ 60 ವರ್ಷಕ್ಕೆ ಹಕ್ಕುಸ್ವಾಮ್ಯ ಮುಗಿಯುತ್ತದೆ. ಹಳೆಯ ಪತ್ರಿಕೆಯ ಸ್ಕ್ಯಾನ್‌ಗಳು ವಿಕಿಮೀಡಿಯಾ ಕಾಮನ್ಸ್‌ನಲ್ಲಿ ಸಿಗುತ್ತವೆ. ಆದರೆ ಈಗಿನ ಪ್ರಕಾಶಕರು ಬರೆಸಿದ ಮುನ್ನುಡಿ, ಟಿಪ್ಪಣಿಗಳು ಅವರವು, ಆ ಪುಸ್ತಕಗಳನ್ನು ಝೆರಾಕ್ಸ್ ಮಾಡಬೇಡಿ.

ಕೆಡುವುದು ಹೆಚ್ಚಾಗಿ ಫೈಲಿನಲ್ಲಿ. ವಾಟ್ಸಾಪ್‌ನಲ್ಲಿ ಫೋಟೊ ಆಗಿ ಕಳಿಸಿದರೆ ಅದು ಚಿತ್ರವನ್ನು ಹಿಂಡಿಬಿಡುತ್ತದೆ, ಮಾತಿನ ಗುಳ್ಳೆಯೊಳಗಿನ ಅಕ್ಷರ ಮಸಿಯಾಗಿ ಬರುತ್ತದೆ. ಪೆನ್‌ಡ್ರೈವ್‌ನಲ್ಲಿ ಒಯ್ಯಿರಿ ಅಥವಾ ಡಾಕ್ಯುಮೆಂಟ್ ಆಗಿ ಕಳಿಸಿ. ಫೈಲಿನ ಅಗಲ 2,300 ಪಿಕ್ಸೆಲ್‌ಗಿಂತ ಕಡಿಮೆ ಇದ್ದರೆ ಎ3 ಹಾಕಿಸಬೇಡಿ, ಎ2ಗೆ 3,300 ಬೇಕು. ಹಳೆಯ ಕಾಗದದ ಹಳದಿ ಹೋಗಲಿ ಎಂದು ಅಂಗಡಿಯವರು ಬ್ರೈಟ್‌ನೆಸ್ ಏರಿಸಲು ಹೋಗುತ್ತಾರೆ. ಬೇಡ ಅನ್ನಿ. ಮೆಕ್ಕೇಯ ಆಕಾಶದ ತಿಳಿ ಬಣ್ಣಗಳೇ ಮೊದಲು ಹೊರಟುಹೋಗುತ್ತವೆ. ಹೊಳೆಯುವ ಕಾಗದವೂ ಬೇಡ, ಟ್ಯೂಬ್‌ಲೈಟಿನ ಬೆಳಕು ಅರ್ಧ ಪುಟ ನುಂಗುತ್ತದೆ.

ಪುಸ್ತಕದ ದೊಡ್ಡ ದೌರ್ಬಲ್ಯ ಮಾತು. ಇಷ್ಟು ಸೊಗಸಾಗಿ ಅರಮನೆ ಕಟ್ಟುವ ಕೈ ಮಾತಿನ ಗುಳ್ಳೆಗಳನ್ನು ಮಾತ್ರ ಅವಸರದಲ್ಲಿ ಬರೆದಂತಿದೆ. ಅಕ್ಷರ ಇಕ್ಕಟ್ಟು, ಸಂಭಾಷಣೆ "ಅಯ್ಯೋ", "ಅದೇನು" ಎಂಬಲ್ಲೇ ಸುತ್ತುತ್ತದೆ. ಕನ್ನಡ ಅಂಟಿಸಲು ಹೋದವರು ಸೋಲುವುದೂ ಇಲ್ಲೇ. ನಮ್ಮ ಲಿಪಿಗೆ ಒತ್ತಕ್ಷರದ ಜಾಗ ಬೇಕು, ಆ ಗುಳ್ಳೆಯಲ್ಲಿ ಎರಡು ಸಾಲೂ ಕೂರುವುದಿಲ್ಲ. ಗುಳ್ಳೆಯನ್ನು ಮುಟ್ಟದೆ, ಬೇರೆ ಹಾಳೆಯಲ್ಲಿ ಕನ್ನಡ ಬರೆದುಕೊಂಡು ಓದುವುದೇ ಸರಿ. ಆರಂಭದ ಪುಟಗಳಲ್ಲಿ ಚೌಕಟ್ಟಿಗೆ ಅಂಕಿ ಹಾಕಿದ್ದಾರೆ, ಅದೇ ಅಂಕಿ ನಿಮ್ಮ ಹಾಳೆಗೂ ಹಾಕಿ. ಅಂಕಿ ಇಲ್ಲದ ಪುಟಕ್ಕೆ ಪೆನ್ಸಿಲ್‌ನಿಂದ ನೀವೇ ಹಾಕಿಕೊಳ್ಳಿ.

ಯಾವ ಕನ್ನಡ ಎಂಬುದನ್ನೂ ಯೋಚಿಸಬೇಕು. ಎಲ್ಲರ ಬಾಯಲ್ಲೂ ಪಠ್ಯಪುಸ್ತಕದ ಭಾಷೆ ಹಾಕಿದರೆ ಕಥೆ ಸತ್ತುಹೋಗುತ್ತದೆ. ಅರಸನ ದೂತನಿಗೆ ದೊಡ್ಡಾಟದ ಸಾರಥಿಯ ಗತ್ತು ಕೊಡಿ: "ಎಲೈ ಬಾಲಕನೇ, ಮಹಾರಾಜರ ಅಪ್ಪಣೆಯಾಗಿದೆ!" ಫ್ಲಿಪ್‌ಗೆ ಹುಬ್ಬಳ್ಳಿ ಬೀದಿಯ ಮಾತು: "ಯಾಕಲೇ, ನನ್ನ ಬಿಟ್ಟು ಎಲ್ಲಿ ಹೊಂಟೀದಿ?" ಕೊನೆಯ ಚೌಕಟ್ಟಿನಲ್ಲಿ ಅವ್ವನ ದನಿಗೆ ಇಷ್ಟೇ ಸಾಕು: "ಏಳೋ ತಮ್ಮಾ, ಹೊತ್ತಾತು." ಮೂರು ಪುಟ ಆಗುವಷ್ಟರಲ್ಲಿ ಮಕ್ಕಳೇ ಆ ಸಾಲನ್ನು ಒಟ್ಟಿಗೆ ಕೂಗುತ್ತಾರೆ.

ಫ್ಲಿಪ್ ಬಗ್ಗೆ ಎರಡು ಮಾತು ಹೇಳಲೇಬೇಕು, ಇಡೀ ಪುಸ್ತಕದ ಜೀವಾಳ ಅವನು. ಹಸಿರು ಮುಖ, ಬಾಯಲ್ಲಿ ಚುಟ್ಟಾ, ಟೊಪ್ಪಿಗೆಯ ಮೇಲೆ 'ಎದ್ದೇಳು' ಎಂಬ ಇಂಗ್ಲಿಷ್ ಅಕ್ಷರ. ಅವನು ಬಂದ ಅಂದರೆ ಕನಸು ಮುರಿಯಿತು ಅಂತಲೇ ಲೆಕ್ಕ. ಆ ಉಪದ್ವ್ಯಾಪಿಯೇ ಮುಂದೆ ನೆಮೊನ ಗೆಳೆಯನಾಗುತ್ತಾನೆ. ಚುಟ್ಟಾದ ಬಗ್ಗೆ ಮಕ್ಕಳು ಕೇಳುತ್ತಾರೆ, ಆಗಿನ ಪತ್ರಿಕೆಗಳಲ್ಲಿ ಹೀಗೆ ಬರೆಯುತ್ತಿದ್ದರು ಎಂದು ಒಂದೇ ಮಾತಿನಲ್ಲಿ ಹೇಳಿ ಮುಂದೆ ಹೋಗಿ.

ಇಂಪಿ ಎಂಬ ಪಾತ್ರವನ್ನು ಮಾತ್ರ ಹಾಗೆ ದಾಟುವಂತಿಲ್ಲ. 1907ರಿಂದ ಬರುವ ಈ ಕಾಡಿನ ಹುಡುಗನನ್ನು ಆ ಕಾಲದ ಅಮೆರಿಕದ ಬಿಳಿಯರು ಕಪ್ಪು ಜನರನ್ನು ಹೀಯಾಳಿಸುತ್ತಿದ್ದ ರೀತಿಯಲ್ಲೇ ಬರೆದಿದ್ದಾರೆ: ದಪ್ಪ ತುಟಿ, ಹುಲ್ಲಿನ ಲಂಗ, ಅರ್ಥವಿಲ್ಲದ ಮಾತು. ಚಿತ್ರಕಾರ ಎಷ್ಟೇ ದೊಡ್ಡವನಿರಲಿ, ಇದು ತಪ್ಪು. ಹತ್ತು ವರ್ಷದೊಳಗಿನವರಿಗೆ ಇಂಪಿ ಇಲ್ಲದ ಪುಟಗಳನ್ನೇ ಆರಿಸಿ. ಅಂಥವು ಬೇಕಾದಷ್ಟಿವೆ. ದೊಡ್ಡ ಮಕ್ಕಳಿಗೆ ತೋರಿಸುವುದಾದರೆ ಕೂತು ಮಾತಾಡಿ, ಬಣ್ಣದ ಮೇಲೆ ಹೆಸರಿಟ್ಟು ಕರೆಯುವುದು ನಮ್ಮ ಶಾಲೆಗಳಲ್ಲೂ ಇದೆ, ಅವರಿಗೆ ತಟ್ಟನೆ ತಿಳಿಯುತ್ತದೆ. ಪುಸ್ತಕವನ್ನು ಕೊಟ್ಟು ಮಗುವನ್ನು ಒಂಟಿಯಾಗಿ ಬಿಡಬೇಡಿ ಅನ್ನುವುದು ಇದಕ್ಕೇ. ರಾಜಕುಮಾರಿಯದೂ ಬೇರೆ ಕೊರತೆ. ತಿಂಗಳುಗಟ್ಟಲೆ ಅವಳಿಗಾಗಿ ನಡೆದು ಬಂದ ಮೇಲೆ ಅವಳಿಗೆ ಮಾಡಲು ಹೆಚ್ಚು ಕೆಲಸವೇ ಇಲ್ಲ. ಹುಡುಗಿಯರು ಇದನ್ನು ಬೇಗ ಗುರುತಿಸುತ್ತಾರೆ.

ಓದುವ ಕ್ರಮ ಹೀಗಿಟ್ಟುಕೊಳ್ಳಿ: ಮೊದಲು ನಡೆಯುವ ಮಂಚ, ಆಮೇಲೆ ಅಣಬೆ ಕಾಡು, ಆಮೇಲೆ 1905ರ ನವೆಂಬರ್ 26ರ ದೈತ್ಯ ಟರ್ಕಿ ಕೋಳಿಯ ಪುಟ (ಅಮೆರಿಕದ ಹಬ್ಬದೂಟದ ಕೋಳಿ ಅದು, ಅಷ್ಟು ವಿವರಣೆ ಸಾಕು). ನಂತರ 1908ರ ಆರಂಭದ ಗೊಂದಲದ ಅರಮನೆ, ಅಲ್ಲಿ ಜಾತ್ರೆಯ ಕನ್ನಡಿಯಲ್ಲಿ ಕಂಡಂತೆ ಮೈಯೆಲ್ಲ ಹಿಗ್ಗಿ ಕುಗ್ಗುತ್ತದೆ. ಇಷ್ಟಾದ ಮೇಲೆ ಮೊದಲ ಪುಟಕ್ಕೆ ಹೋಗಿ ಸಾಲಾಗಿ ಓದಿ. ಒಂದೇ ದಿನ ಹತ್ತು ಪುಟ ಓದಿಸಿದರೆ ಎಲ್ಲ ಒಂದೇ ಅನಿಸತೊಡಗುತ್ತದೆ, ವಾರಕ್ಕೊಂದು ಬಂದ ಕಥೆಯನ್ನು ವಾರಕ್ಕೊಂದೋ ಎರಡೋ ಓದುವುದೇ ಹದ.

ಪ್ರತಿ ಸಲ ಕೊನೆಯ ಚೌಕಟ್ಟನ್ನು ಅಂಗೈಯಷ್ಟು ಕಾಗದದಿಂದ ಮುಚ್ಚಿಡಿ. ಹೇಗೆ ಎದ್ದಿರಬಹುದು ಎಂದು ಕೇಳಿ, ಉತ್ತರ ಬಂದ ಮೇಲೆ ತೆಗೆಯಿರಿ. ಆಮೇಲೆ ಅವರ ಕೈಗೆ ಹಾಳೆ ಕೊಟ್ಟು ತಮ್ಮದೇ ಕನಸಿನ ಪುಟ ಬರೆಯಲು ಹೇಳಿ. ಹೆಚ್ಚಿನವರು ಹಾಳೆಯನ್ನು ಮಡಚಿ ಎಂಟು ಸಮ ಚೌಕಟ್ಟು ಮಾಡುತ್ತಾರೆ, ಆಗ ಕನಸು ಬೆಳೆಯಲು ಜಾಗವೇ ಉಳಿಯುವುದಿಲ್ಲ. ಮಡಚಲು ಬಿಡಬೇಡಿ. ಮೊದಲು ಬಲಮೂಲೆಯಲ್ಲಿ ಬೆಂಕಿಪೊಟ್ಟಣದಷ್ಟು ಚೌಕಟ್ಟು ಬರೆದು ಅದರಲ್ಲಿ ತಾವು ಎದ್ದದ್ದನ್ನು ಚಿತ್ರಿಸಲಿ. ಆಮೇಲೆ ಕನಸಿನಲ್ಲಿ ಬೆಳೆಯುವ ವಸ್ತು ಯಾವುದೆಂದು ಒಂದನ್ನೇ ಆರಿಸಲಿ: ಗಾಳಿಪಟ, ಮಿರ್ಚಿ, ಶಾಲೆಯ ಗಂಟೆ, ಏನಾದರೂ ಆಗಲಿ. ಅದು ಬೆಳೆದಂತೆ ಚೌಕಟ್ಟಿನ ಗೆರೆ ಎಳೆಯಲಿ. ಸ್ಕೇಲು ಕೊಡಬೇಡಿ.