ಆನ್‌ಲೈನ್ ಎಂಎಸ್‌ಡಬ್ಲ್ಯು ಸೇರುವ ಮೊದಲು ಕ್ಷೇತ್ರಕಾರ್ಯದ ಬಗ್ಗೆ ಕೇಳಿ

ದಾವಣಗೆರೆ, ಹರಿಹರ, ಚಿತ್ರದುರ್ಗದ ಕಡೆ ಯಾರಾದರೂ ಕೆಲಸ ಮಾಡುತ್ತಲೇ ಆನ್‌ಲೈನ್‌ನಲ್ಲಿ ಎಂಎಸ್‌ಡಬ್ಲ್ಯು, ಅಂದರೆ ಸಮಾಜಕಾರ್ಯದ ಸ್ನಾತಕೋತ್ತರ ಪದವಿ, ಓದುವ ಯೋಚನೆಯಲ್ಲಿದ್ದರೆ, ದುಡ್ಡು ಕಟ್ಟುವ ಮೊದಲು ದಯವಿಟ್ಟು ಇದನ್ನು ಓದಿ. ನನ್ನ ಒಂದು ಲಕ್ಷಕ್ಕೂ ಜಾಸ್ತಿ ಹಣ ಹೋಗಿದೆ. ಸಾಲದ ಕಂತು ಇನ್ನೂ ಕಟ್ಟುತ್ತಿದ್ದೇನೆ. ಪದವಿ ಮಾತ್ರ ಇಲ್ಲ.

ನನಗೆ 43 ವರ್ಷ. ಬಿ.ಕಾಂ. ಮುಗಿಸಿ ಬಟ್ಟೆ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಾ ಬಂದವಳು. ಕೋವಿಡ್ ಎರಡನೇ ಅಲೆಯಲ್ಲಿ ಅಪ್ಪನನ್ನು ಆಸ್ಪತ್ರೆಗೆ ಸೇರಿಸಿದ್ದೆವು. ಅಲ್ಲಿ ಒಬ್ಬ ಸಮಾಜ ಕಾರ್ಯಕರ್ತೆ ಇದ್ದರು. ಹಳ್ಳಿಯಿಂದ ಬಂದವರಿಗೆ ಆಯುಷ್ಮಾನ್ ಕಾರ್ಡಿನ ಕಾಗದ ಸರಿಮಾಡಿಸುತ್ತಿದ್ದರು. ಹೆದರಿ ಕೂತವರ ಪಕ್ಕ ಕೂತು ಮಾತಾಡಿಸುತ್ತಿದ್ದರು. ಇಂಥ ಕೆಲಸ ನಾನೂ ಮಾಡಬೇಕು ಅಂತ ಆಗ ಅನ್ನಿಸಿತು, ಈಗಲೂ ಅನ್ನಿಸುತ್ತದೆ. ತೋಳಹುಣಸೆಯಲ್ಲಿರುವ ನಮ್ಮ ದಾವಣಗೆರೆ ವಿಶ್ವವಿದ್ಯಾನಿಲಯದಲ್ಲೇ ಸಮಾಜಕಾರ್ಯ ವಿಭಾಗ ಇದೆ. ಆದರೆ ದಿನಾ ತರಗತಿಗೆ ಹೋದರೆ ಸಂಬಳ ನಿಲ್ಲುತ್ತದೆ, ಮಗಳ ಪಿಯುಸಿ ಫೀಸು ಕಟ್ಟಬೇಕು. ನಮ್ಮ ವಯಸ್ಸಿನವರ ಈ ಕಷ್ಟ ಆನ್‌ಲೈನ್ ಕೋರ್ಸ್‌ಗೆ ಸೇರಿಸುತ್ತೇವೆ ಅನ್ನುವ ಖಾಸಗಿ ಸೆಂಟರ್‌ಗಳಿಗೆ ಚೆನ್ನಾಗಿ ಗೊತ್ತು.

ಫೇಸ್‌ಬುಕ್‌ನಲ್ಲಿ ಅಂಥ ಒಂದು ಸೆಂಟರ್‌ನ ಜಾಹೀರಾತು ನೋಡಿ ನಂಬರ್ ಕೊಟ್ಟಿದ್ದೆ. ಅರ್ಧ ಗಂಟೆಯಲ್ಲೇ ಫೋನ್ ಬಂತು. ಹುಡುಗಿ ತುಂಬಾ ಚೆನ್ನಾಗಿ ಮಾತಾಡಿದಳು. 'ಮೇಡಂ, ಯುಜಿಸಿ ಮಾನ್ಯತೆ ಇರುವ ವಿಶ್ವವಿದ್ಯಾನಿಲಯ. ನೀವು ಎಲ್ಲಿಗೂ ಹೋಗೋದು ಬೇಡ, ಮನೇಲೇ ಓದಿ. ಮುಗಿದ ಮೇಲೆ ಆಸ್ಪತ್ರೆಯಲ್ಲಿ ಮನೋವೈದ್ಯಕೀಯ ಸಮಾಜ ಕಾರ್ಯಕರ್ತೆ ಆಗಬಹುದು' ಎಂದಳು. ಅವರ ಆಫೀಸಿಗೂ ಹೋಗಿ ಬಂದೆ. ಗೋಡೆ ತುಂಬ ವಿಶ್ವವಿದ್ಯಾನಿಲಯಗಳ ಲೋಗೋ ಇದ್ದವು. ವಿಶ್ವವಿದ್ಯಾನಿಲಯದ ಹೆಸರು ನಿಜವಾದದ್ದೇ, ಯುಜಿಸಿ, ಅಂದರೆ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ, ಪಟ್ಟಿಯಲ್ಲೂ ಇತ್ತು. ಹಣ ಕಟ್ಟಿದೆ. ಅದು 2024ರ ಜುಲೈ.

ಪಾಠಗಳು ಸೆಂಟರ್‌ನವರದೇ ಆ್ಯಪ್‌ನಲ್ಲಿ ಬರುತ್ತಿದ್ದವು. ಅಸೈನ್‌ಮೆಂಟ್ ಕೂಡ ಅದರಲ್ಲೇ ಹಾಕಬೇಕಿತ್ತು. ಕ್ಷೇತ್ರಕಾರ್ಯ ಯಾವಾಗ ಅಂತ ಕೇಳಿದಾಗೆಲ್ಲ 'ಮುಂದಿನ ಸೆಮಿಸ್ಟರ್' ಎನ್ನುತ್ತಿದ್ದರು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಸಮಾಜಕಾರ್ಯದ ಓದಿನಲ್ಲಿ ಕ್ಷೇತ್ರಕಾರ್ಯ ಅನ್ನುವುದು ಕೊನೆಗೆ ಸೇರಿಸುವ ಪ್ರಾಜೆಕ್ಟ್ ಅಲ್ಲ. ರೆಗ್ಯುಲರ್ ಕೋರ್ಸ್‌ನಲ್ಲಿ ಸಾಮಾನ್ಯವಾಗಿ ವಾರಕ್ಕೆ ಎರಡು ದಿನ ಆಸ್ಪತ್ರೆಗೋ, ಮಕ್ಕಳ ಸಂಸ್ಥೆಗೋ, ವೃದ್ಧಾಶ್ರಮಕ್ಕೋ ಹೋಗಬೇಕು. ಏನು ನೋಡಿದೆ, ಏನು ಮಾಡಿದೆ, ಎಲ್ಲಿ ತಡವರಿಸಿದೆ ಅಂತ ವರದಿ ಬರೆಯಬೇಕು. ಆ ಸಂಸ್ಥೆಯ ಮೇಲ್ವಿಚಾರಕರೊಬ್ಬರು, ಕಾಲೇಜಿನ ಮೇಷ್ಟ್ರೊಬ್ಬರು ಅದನ್ನು ಓದಿ ಚರ್ಚೆ ಮಾಡುತ್ತಾರೆ. ಹೊಡೆತ ತಿಂದು ಬಂದ ಹೆಂಗಸನ್ನು ಹೇಗೆ ಮಾತಾಡಿಸಬೇಕು, ಏನು ಕೇಳಬಾರದು ಅನ್ನುವುದು ವಿಡಿಯೋ ನೋಡಿದರೆ ಬರುತ್ತಾ? ದೂರಶಿಕ್ಷಣದಲ್ಲೂ ಇದಕ್ಕೆ ವಿನಾಯಿತಿ ಇಲ್ಲ. ಕೇಂದ್ರದ ಮುಕ್ತ ವಿಶ್ವವಿದ್ಯಾನಿಲಯವಾದ ಇಗ್ನೋದ ಎಂಎಸ್‌ಡಬ್ಲ್ಯುನಲ್ಲೂ ಕ್ಷೇತ್ರಕಾರ್ಯ ಕಡ್ಡಾಯ.

ಕಾದು ಸಾಕಾಗಿ, ಮಂಡಕ್ಕಿ ಭಟ್ಟಿ ಕಡೆಯ ಮಕ್ಕಳ ಜೊತೆ ಕೆಲಸ ಮಾಡುವ ಒಂದು ಸಂಸ್ಥೆಗೆ ನಾನೇ ಹೋಗಿ ಕೇಳಿದೆ. ಅಲ್ಲಿನ ಸಂಯೋಜಕರು ಖುಷಿಯಿಂದ ಒಪ್ಪಿದರು. 'ವಿಶ್ವವಿದ್ಯಾನಿಲಯದಿಂದ ಒಂದು ಪತ್ರ ತನ್ನಿ. ನಿಮ್ಮ ಮೇಲ್ವಿಚಾರಕರು ಯಾರು ಅಂತ ಅದರಲ್ಲಿರಲಿ' ಎಂದರು. ಸೆಂಟರ್‌ನಲ್ಲಿ ಆ ಪತ್ರ ಕೇಳಿದೆ. ಬಂದ ಉತ್ತರ ಕೇಳಿ ಮೈ ಉರಿಯಿತು. 'ಪತ್ರ ಯಾಕೆ ಮೇಡಂ, ಸುಮ್ನೆ ಓಡಾಡಬೇಡಿ. ಎಂಟು ಸಾವಿರ ಕೊಡಿ, ಕ್ಷೇತ್ರಕಾರ್ಯದ ಸರ್ಟಿಫಿಕೇಟ್ ನಾವೇ ತರಿಸಿ ಕೊಡ್ತೀವಿ.'

ಒಂದು ಮಗುವನ್ನೂ ನೋಡದೆ ಮಕ್ಕಳ ಜೊತೆ ಕೆಲಸ ಮಾಡಿದ್ದೇನೆ ಅಂತ ಕಾಗದ! ನಾಳೆ ಅದನ್ನು ತೋರಿಸಿ ಒಬ್ಬರು ಬಾಲಮಂದಿರದಲ್ಲಿ ಕೆಲಸಕ್ಕೆ ಸೇರಿದರೆ ಆ ಮಕ್ಕಳ ಗತಿ ಏನು? ನನ್ನ ದುಡ್ಡು ಹೋದದ್ದಕ್ಕಿಂತ ಇದೇ ನನಗೆ ಹೆಚ್ಚು ಸಂಕಟ ತಂದದ್ದು.

ಆಮೇಲೆ ನೇರವಾಗಿ ವಿಶ್ವವಿದ್ಯಾನಿಲಯಕ್ಕೆ ಇಮೇಲ್ ಬರೆದೆ. ನಮ್ಮಲ್ಲಿ ಆನ್‌ಲೈನ್ ಎಂಎಸ್‌ಡಬ್ಲ್ಯು ಇಲ್ಲ, ನೀವು ಕಳಿಸಿದ ನೋಂದಣಿ ಸಂಖ್ಯೆ ನಮ್ಮದಲ್ಲ ಎಂದು ಉತ್ತರ ಬಂತು.

ಮಾನ್ಯತೆ ಇರುವ ವಿಶ್ವವಿದ್ಯಾನಿಲಯ ಅಂದ ಮಾತ್ರಕ್ಕೆ ಅದು ಎಲ್ಲ ಕೋರ್ಸ್‌ಗಳನ್ನೂ ಆನ್‌ಲೈನ್‌ನಲ್ಲಿ ಕೊಡುವ ಹಾಗಿಲ್ಲ. ಯುಜಿಸಿಯ ದೂರಶಿಕ್ಷಣ ಬ್ಯೂರೋ, ಅಂದರೆ ಡೆಬ್, ಅನುಮತಿ ಕೊಡಬೇಕು. ಅದರ ವೆಬ್‌ಸೈಟಿನಲ್ಲಿ ಪಟ್ಟಿ ಸಿಗುತ್ತದೆ. ನೀವು ಸೇರುವ ವರ್ಷ, ಸೇರುವ ಅವಧಿ, ಎಂಎಸ್‌ಡಬ್ಲ್ಯು ಅನ್ನುವ ಹೆಸರು, ಅದು ಆನ್‌ಲೈನೋ ದೂರಶಿಕ್ಷಣವೋ ಅನ್ನುವುದು, ಇಷ್ಟೂ ಹೊಂದಬೇಕು. ಆ ಪಟ್ಟಿಯಲ್ಲಿರುವ ಕೋರ್ಸ್ ಮಾಡಿದರೆ ಪದವಿ ರೆಗ್ಯುಲರ್‌ಗೆ ಸಮ ಅಂತ ಯುಜಿಸಿಯೇ ಹೇಳಿದೆ. ಹಾಗಾಗಿ ಆನ್‌ಲೈನ್ ಅಂದಾಕ್ಷಣ ಎಲ್ಲವೂ ಮೋಸ ಅಂತ ಹೆದರಬೇಕಾಗಿಲ್ಲ. 2024-25ರಿಂದ ಇನ್ನೊಂದು ಗುರುತು ಸಿಕ್ಕಿದೆ. ವಿದ್ಯಾರ್ಥಿ ತಾನೇ ಡೆಬ್ ಐಡಿ ಮಾಡಿಕೊಳ್ಳಬೇಕು, ಅದು ಇಲ್ಲದೆ ಪ್ರವೇಶ ಆಗುವುದಿಲ್ಲ. ನನ್ನ ಹತ್ತಿರ ಆ ಐಡಿಯನ್ನು ಯಾರೂ ಕೇಳಲೇ ಇಲ್ಲ. ಇನ್ನು ವಿಶ್ವವಿದ್ಯಾನಿಲಯಗಳು ಈ ಕೋರ್ಸ್‌ಗಳನ್ನು ಖಾಸಗಿ ಕಂಪನಿಗೆ ಫ್ರಾಂಚೈಸಿ ಕೊಡುವಂತಿಲ್ಲ ಅಂತ 2022ರಲ್ಲೇ ಯುಜಿಸಿ ಸಾರ್ವಜನಿಕ ಪ್ರಕಟಣೆ ಹೊರಡಿಸಿತ್ತು. ಫೀಸು ಸೆಂಟರ್‌ನ ಖಾತೆಗೆ ಹಾಕಿ ಅಂದರೆ ಅಲ್ಲಿಂದ ಎದ್ದು ಬನ್ನಿ.

ಆಸ್ಪತ್ರೆ ಕೆಲಸದ ಆಸೆ ತೋರಿಸಿದ್ದರಲ್ಲ, ಅದೂ ಸುಳ್ಳು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಪ್ರಕಾರ ಮನೋವೈದ್ಯಕೀಯ ಸಮಾಜ ಕಾರ್ಯಕರ್ತರಾಗಲು ಎಂಎಸ್‌ಡಬ್ಲ್ಯು ಒಂದೇ ಸಾಲದು. ಅದರ ಮೇಲೆ ಎರಡು ವರ್ಷದ ಪೂರ್ಣಾವಧಿ ಎಂ.ಫಿಲ್. ಬೇಕು, ಮೇಲ್ವಿಚಾರಣೆಯಲ್ಲಿ ತರಬೇತಿ ಆಗಿರಬೇಕು. ನಲವತ್ತು ದಾಟಿ ಮನೆ ನಡೆಸುವವರು ಆ ಎರಡು ವರ್ಷವನ್ನೂ ಲೆಕ್ಕ ಹಾಕಿಯೇ ಹೆಜ್ಜೆ ಇಡಬೇಕಾಗುತ್ತದೆ.

ಕಂತಿನ ವಿಷಯ. 'ಬಡ್ಡಿ ಇಲ್ಲದ ಕಂತು' ಅಂತ ಹೇಳಿ ಫೋನಿನಲ್ಲಿ ಓಟಿಪಿ ಕೇಳಿದರು. ನಿಜವಾಗಿ ಅದು ಫೈನಾನ್ಸ್ ಕಂಪನಿಯೊಂದು ನನ್ನ ಹೆಸರಿಗೆ ಕೊಟ್ಟ ಸಾಲ. ಪೂರ್ತಿ ಹಣ ಅವತ್ತೇ ಸೆಂಟರ್‌ಗೆ ಹೋಗಿದೆ. ಕೋರ್ಸ್ ಸುಳ್ಳಾದರೂ ಸಾಲ ಸುಳ್ಳಾಗುವುದಿಲ್ಲ, ಕಂತು ತಪ್ಪಿದರೆ ಸಾಲ ಕೊಡುವವರು ನೋಡುವ ಸಿಬಿಲ್ ಸ್ಕೋರ್ ಬೀಳುತ್ತದೆ. ಆರ್‌ಬಿಐ ನಿಯಮದಂತೆ ಇಂಥ ಡಿಜಿಟಲ್ ಸಾಲಕ್ಕೆ ಬಡ್ಡಿ, ಶುಲ್ಕ ಎಲ್ಲ ಬರೆದ ವಿವರ ಪತ್ರ ಮೊದಲೇ ಕೊಡಬೇಕು. ದಂಡವಿಲ್ಲದೆ ಸಾಲ ವಾಪಸ್ ಮಾಡಲು ಸ್ವಲ್ಪ ಕಾಲಾವಕಾಶವನ್ನೂ ಕೊಡಬೇಕು. ಆ ಅವಕಾಶ ಬಹಳ ಚಿಕ್ಕದು, ಆದ್ದರಿಂದ ಅನುಮಾನ ಬಂದ ದಿನವೇ ಸಾಲ ಕೊಟ್ಟವರಿಗೆ ಲಿಖಿತವಾಗಿ ತಿಳಿಸಿ.

ನಾನು 1915ಕ್ಕೆ, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರು ಕೊಟ್ಟಿದ್ದೇನೆ. ಪೊಲೀಸರಿಗೂ ಬರೆದುಕೊಟ್ಟಿದ್ದೇನೆ. ವಿಚಾರಣೆ ನಡೆಯುತ್ತಿರುವುದರಿಂದ ಸೆಂಟರ್‌ನ ಹೆಸರು ಇಲ್ಲಿ ಹಾಕಿಲ್ಲ. ನಿಮಗೂ ಹೀಗೇ ಆಗಿದ್ದರೆ ರಸೀದಿ, ವಾಟ್ಸ್ಆ್ಯಪ್ ಮಾತುಕತೆ, ಕರೆ ಬಂದ ನಂಬರ್ ಯಾವುದನ್ನೂ ಅಳಿಸಬೇಡಿ. ಸಂಸ್ಥೆಯ ಆ ಸಂಯೋಜಕರು ಭಾನುವಾರಗಳಲ್ಲಿ ಸ್ವಯಂಸೇವಕಿಯಾಗಿ ಬನ್ನಿ ಎಂದಿದ್ದಾರೆ, ಹೋಗುತ್ತಿದ್ದೇನೆ. ಡೆಬ್ ಪಟ್ಟಿ ನೋಡಲು ಬಾರದವರು ಕೋರ್ಸ್ ಮತ್ತು ವಿಶ್ವವಿದ್ಯಾನಿಲಯದ ಹೆಸರು ತಿಳಿಸಿ, ಹುಡುಕಿ ಹೇಳುತ್ತೇನೆ. ದುಡ್ಡು ಕಟ್ಟುವ ಮೊದಲೇ ತಿಳಿಸಿ.