ರೇಡಿಯೇಟರ್ ಹತ್ತಿರ ಕಾರ್ಪೆಟ್ ಒದ್ದೆ ಆಗ್ತಿದ್ಯಾ? ರೇಡಿಯೇಟರ್ ಬದಲಿಸುವ ಮುಂಚೆ ಇದನ್ನು ಓದಿ

ಮೊದಲೇ ಹೇಳಿಬಿಡುತ್ತೇನೆ. ಸೋರುತ್ತಿದ್ದದ್ದು ರೇಡಿಯೇಟರ್ (ಒಳಗೆ ಬಿಸಿನೀರು ಹರಿದು ರೂಮು ಬೆಚ್ಚಗಿಡುತ್ತಲ್ಲ, ಅದು) ಅಲ್ಲ. ಅದರ ಪಕ್ಕದ ಹಳೆಯ ವಾಲ್ವ್. ಹೆಬ್ಬೆರಳಿನ ಗಾತ್ರದ್ದು. ಅದನ್ನು ಸರಿ ಮಾಡೋಕೆ ಬೇಕಾಗಿದ್ದು ಒಂದು ಸ್ಪ್ಯಾನರ್, ಚೂರು ಟೆಫ್ಲಾನ್ ಟೇಪ್, ಹದಿನೈದು ನಿಮಿಷ. ನಾನು ಮಾತ್ರ ಇಡೀ ರೇಡಿಯೇಟರನ್ನೇ ಬದಲಿಸಿದೆ. ಕೇಳಿದಷ್ಟು ದುಡ್ಡು ಕೊಟ್ಟೆ. ಥ್ಯಾಂಕ್ಸ್ ಬೇರೆ ಹೇಳಿದೆ. ಇದನ್ನು ಬರೆಯೋಕೆ ನಾಚಿಕೆ ಆಗುತ್ತಿದೆ. ಆದರೂ ಬರೆಯುತ್ತಿದ್ದೇನೆ, ಯಾಕೆಂದರೆ ಇನ್ನೊಬ್ಬರ ಮನೆಯಲ್ಲೂ ಇದೇ ಆಟ ನಡೆಯೋದು ಬೇಡ.

ಶುರುವಾಗಿದ್ದು ಹೀಗೆ. ಒಂದು ಬೆಳಿಗ್ಗೆ ನನ್ನ ಹೆಂಡತಿ ಬರಿಗಾಲಲ್ಲಿ ಎದ್ದು ಹೋದಳು. ರೇಡಿಯೇಟರಿನಿಂದ ಒಂದು ಗೇಣು ದೂರದಲ್ಲಿ ಕಾಲು ತಣ್ಣಗಾಯಿತು. ಯಾರೋ ನೀರು ಚೆಲ್ಲಿರಬೇಕು ಅಂದುಕೊಂಡೆವು. ಸಂಜೆ ಹೊತ್ತಿಗೆ ಹೆಚ್ಚುಕಮ್ಮಿ ಒಣಗಿತ್ತು. ಮರುದಿನ ಬೆಳಿಗ್ಗೆ ಮತ್ತೆ ಒದ್ದೆ. ಸಂಜೆ ಮತ್ತೆ ಒಣಗಿದ ಹಾಗೆ. ನಾಲ್ಕೈದು ದಿನದಲ್ಲಿ ಮುಗ್ಗಲು ವಾಸನೆ ಬರೋಕೆ ಶುರುವಾಯಿತು.

ಬೆಳಿಗ್ಗೆ ಒದ್ದೆ, ಸಂಜೆ ಒಣ. ಇದನ್ನು ನೆನಪಿಟ್ಟುಕೊಳ್ಳಿ. ಉತ್ತರ ಅಲ್ಲೇ ಇತ್ತು. ನನಗೆ ಗೊತ್ತಾಗಲಿಲ್ಲ, ಸರಿ. ದಿನಾ ಇದೇ ಕೆಲಸ ಮಾಡುವವರಿಗೂ ಗೊತ್ತಾಗಲಿಲ್ಲವಾ?

ಇನ್ನೆರಡು ಸುಳಿವು ಇದ್ದವು. ಒಂದು, ಒದ್ದೆ ಜಾಗಕ್ಕೆ ಬಿಳಿ ಬಟ್ಟೆ ಒತ್ತಿದಾಗ ಕಂದು ಮಿಶ್ರಿತ ಕಪ್ಪು ಕಲೆ ಬಂತು. ಹೀಟಿಂಗ್ ನೀರು ವರ್ಷಗಟ್ಟಲೆ ಅದೇ ಪೈಪು, ಅದೇ ಕಬ್ಬಿಣದ ರೇಡಿಯೇಟರುಗಳಲ್ಲಿ ಸುತ್ತುತ್ತಾ ಇರುತ್ತೆ, ತುಕ್ಕು ಸೇರಿ ಕಪ್ಪಾಗುತ್ತೆ. ಕಿಟಕಿ ಗಾಜಿನ ಮೇಲೆ ಕಟ್ಟುವ ನೀರಿಗೆ ಆ ಬಣ್ಣ ಇರಲ್ಲ. ಎರಡನೆಯದು, ಹೀಟಿಂಗ್ ನೀರು ಕಾಯಿಸುವ ಬಾಯ್ಲರಿನ ಪ್ರೆಷರ್ ಗೇಜ್, ಅಂದರೆ ಒಳಗಿನ ನೀರಿನ ಒತ್ತಡ ತೋರಿಸುವ ಮೀಟರ್. ಹೀಟಿಂಗ್ ಆಫ್ ಆಗಿ ತಣ್ಣಗಿದ್ದಾಗ ಮುಳ್ಳು ಸಾಮಾನ್ಯವಾಗಿ 1ರಿಂದ 1.5 ಬಾರ್ ನಡುವೆ ಇರಬೇಕು. ನಮ್ಮದು ಒಂದೇ ತಿಂಗಳಲ್ಲಿ ಎರಡು ಸಲ 1ಕ್ಕಿಂತ ಕೆಳಗೆ ಇಳಿದಿತ್ತು. ಎರಡು ಸಲವೂ ನಾನೇ ನೀರು ತುಂಬಿಸಿದ್ದೆ. ನೋಡೋಕೆ ಕರೆದ ಪ್ಲಂಬರಿಗೆ ಇದನ್ನು ಫೋನಿನಲ್ಲೇ ಹೇಳಿದ್ದೆ. "ಅದೆಲ್ಲ ಮಾಮೂಲಿ ಸರ್" ಅಂದರು. ಮಾಮೂಲಿ ಅಲ್ಲ. ನೀರು ಹೊರಗೆ ಹೋಗದ ವ್ಯವಸ್ಥೆಯಲ್ಲಿ ಪದೇ ಪದೇ ನೀರು ತುಂಬಿಸಬೇಕಾಗಿ ಬಂದರೆ ಅದು ಎಲ್ಲೋ ಹೊರಗೆ ಹೋಗುತ್ತಿದೆ ಅಂತಲೇ ಅರ್ಥ.

ಅವರು ಬಂದದ್ದು ಸಂಜೆ. ಹೀಟಿಂಗ್ ಜೋರಾಗಿ ಓಡುತ್ತಿತ್ತು. ಕಾರ್ಪೆಟ್ ಮೂಲೆ ಎತ್ತಿ ನೋಡಲಿಲ್ಲ. ಗೇಜ್ ನೋಡಲಿಲ್ಲ. ಬಗ್ಗಿ ರೇಡಿಯೇಟರಿನ ತಳದಲ್ಲಿ ಟಾರ್ಚ್ ಬಿಟ್ಟರು. ಅಲ್ಲಿ ಒಂದು ಕಡೆ ಪೇಂಟ್ ಉಬ್ಬಿ ಕಂದು ಬಣ್ಣಕ್ಕೆ ತಿರುಗಿತ್ತು. "ನೋಡಿ ಸರ್, ಇಲ್ಲೇ ಪಿನ್‌ಹೋಲ್. ಒಳಗಿಂದ ಕೊಳೆತು ಹೋಗಿದೆ" ಅಂದರು.

ನಾನು ಆ ಜಾಗ ಮುಟ್ಟಿ ನೋಡಿದೆ. ಒಣಗಿತ್ತು. ಕೇಳಿಯೂ ಕೇಳಿದೆ, ಒಣಗಿದೆಯಲ್ಲ ಅಂತ. ಅದಕ್ಕೆ ಬಂದ ಉತ್ತರ: "ಹೀಟಿಂಗ್ ಆನ್ ಇದೆಯಲ್ಲ ಸರ್, ಆವಿಯಾಗಿ ಹೋಗಿದೆ." ಕೇಳೋಕೆ ಸರಿಯಾಗೇ ಇತ್ತು. ಬಿಸಿಗೆ ನೀರು ಆವಿಯಾಗುತ್ತೆ ಅನ್ನೋದು ನಿಜವೇ. ರೇಡಿಯೇಟರ್ ಒಳಗಿಂದ ತುಕ್ಕು ಹಿಡಿದು ಸಣ್ಣ ತೂತು ಬೀಳೋದೂ ನಿಜವೇ. ಅರ್ಧ ನಿಜ ಹೇಳಿದವರ ಮುಂದೆ ನಮ್ಮ ಬಾಯಿ ಕಟ್ಟಿಹೋಗುತ್ತೆ, ಅಲ್ವಾ? ಹಾಗಾದರೆ ಹೀಟಿಂಗ್ ಆಫ್ ಮಾಡಿ, ತಣ್ಣಗಾಗಲಿ, ಆಮೇಲೆ ನೋಡೋಣ ಅಂತ ಹೇಳೋಕೆ ನನಗೆ ಹೊಳೆಯಲಿಲ್ಲ.

ಆಮೇಲೆ ಹೆದರಿಸಿದರು. "ಇವತ್ತಲ್ಲ ನಾಳೆ ಒಡೆಯುತ್ತೆ. ಕೆಳಗಡೆ ರೂಮಿನ ಸೀಲಿಂಗ್ ಬಿದ್ದರೆ ಆಮೇಲೆ ನನ್ನ ಕೇಳಬೇಡಿ." ಅಷ್ಟು ಸಾಕಿತ್ತು. ಎರಡು ದಿನದಲ್ಲಿ ಹೊಸ ರೇಡಿಯೇಟರ್ ಕೂತಿತು. ಹಳೆಯದನ್ನು ಹೊತ್ತುಕೊಂಡು ಹೋದರು. "ನಿಮಗ್ಯಾಕೆ ಈ ಭಾರ, ನಾನೇ ತಗೊಂಡು ಹೋಗ್ತೀನಿ" ಅಂದಾಗ ಎಷ್ಟು ಒಳ್ಳೆಯವರು ಅಂದುಕೊಂಡಿದ್ದೆ. ಹೋಗಿದ್ದು ಭಾರ ಅಲ್ಲ, ನನ್ನ ಕೈಯಲ್ಲಿದ್ದ ಒಂದೇ ಸಾಕ್ಷಿ.

ಮೂರನೇ ದಿನ ಬೆಳಿಗ್ಗೆ ಕಾರ್ಪೆಟ್ ಮತ್ತೆ ಒದ್ದೆ. ಮುಂಚೆಗಿಂತ ಜಾಸ್ತಿ.

ಫೋನ್ ಮಾಡಿದೆ. "ಕಾರ್ಪೆಟ್ ಅಡಿಯ ಅಂಡರ್‌ಲೇ ಒಳಗೆ ಉಳಿದಿರೋ ಹಳೇ ನೀರು ಸರ್, ಒಣಗೋಕೆ ಟೈಮ್ ಬೇಕು." ಒಂದು ವಾರ ಕಾದೆವು. ಒಣಗಲಿಲ್ಲ. ಮತ್ತೆ ಫೋನ್. "ಹಾಗಾದ್ರೆ ಕಂಡೆನ್ಸೇಷನ್, ಗಾಳಿಯ ತೇವ ನೀರಾಗ್ತಿದೆ. ರೂಮಲ್ಲಿ ಗಾಳಿ ಆಡ್ತಿಲ್ಲ. ಕಿಟಕಿ ತೆಗೆದು ಮಲಗಿ." ಆ ಚಳಿಯಲ್ಲಿ ನಾವು ಕಿಟಕಿ ತೆಗೆದು ಮಲಗಿದೆವು! ಕಾರ್ಪೆಟ್ ಒದ್ದೆಯಾಗೇ ಇತ್ತು, ನಮಗೆ ನೆಗಡಿ ಹಿಡಿಯಿತು. ಮೂರನೇ ಸಲ ಫೋಟೋ ಕಳಿಸಿದೆ. ಆಗ ಬಂದದ್ದು: "ಫ್ಲೋರ್ ಕೆಳಗಿನ ಪೈಪ್ ಇರಬೇಕು. ಕಾರ್ಪೆಟ್ ಕಿತ್ತು ಹಲಗೆ ಬಿಚ್ಚಬೇಕು. ಅದು ಬೇರೆ ಕೆಲಸ, ಅದಕ್ಕೆ ಬೇರೆ ಚಾರ್ಜ್."

ಪಿನ್‌ಹೋಲ್, ಹಳೇ ನೀರು, ಕಂಡೆನ್ಸೇಷನ್, ಪೈಪ್. ಒಂದೇ ಒದ್ದೆ ಕಾರ್ಪೆಟ್‌ಗೆ ನಾಲ್ಕು ಕಾರಣ. ಒಂದನ್ನೂ ಪರೀಕ್ಷೆ ಮಾಡಿ ಹೇಳಿದ್ದಲ್ಲ.

ಹಲಗೆ ಬಿಚ್ಚಿಸುವ ಮುಂಚೆ ಪರಿಚಯದವರೊಬ್ಬರು ಇನ್ನೊಬ್ಬ ಪ್ಲಂಬರ್ ಹತ್ತಿರ ಮಾತಾಡಿಸಿದರು. ವಯಸ್ಸಾದವರು. ಫೋನಿನಲ್ಲಿ ಅವರು ಕೇಳಿದ ಮೊದಲ ಪ್ರಶ್ನೆಯೇ, "ಬೆಳಿಗ್ಗೆ ಜಾಸ್ತಿ ಒದ್ದೆ ಇರುತ್ತಾ, ಸಂಜೆನಾ?" ಬೆಳಿಗ್ಗೆ ಅಂದೆ. "ಹಾಗಾದ್ರೆ ರಾತ್ರಿ ಹೀಟಿಂಗ್ ಆಫ್ ಮಾಡಿ ಮಲಗಿ. ಬೆಳಿಗ್ಗೆ ನಾನು ಬರೋ ತನಕ ಆನ್ ಮಾಡಬೇಡಿ" ಅಂದರು.

ಬಂದವರೇ ನೆಲದ ಮೇಲೆ ಕೂತರು. ಟಿಶ್ಯೂ ಪೇಪರ್ ಕೇಳಿದರು. ವಾಲ್ವ್ ರೇಡಿಯೇಟರಿಗೆ ಸೇರುವ ನಟ್ ಒರೆಸಿ, ಒಣ ಟಿಶ್ಯೂ ಸುತ್ತಿ ನೋಡಿದರು. ಒಣ. ಪೈಪ್ ವಾಲ್ವಿಗೆ ಸೇರುವ ನಟ್. ಒಣ. ಬಿಸಿ ಹೆಚ್ಚುಕಮ್ಮಿ ಮಾಡೋಕೆ ತಿರುಗಿಸ್ತೀವಲ್ಲ, ಆ ಕಡೆ ಎಲ್ಲವೂ ಒಣ. ಆಮೇಲೆ ಇನ್ನೊಂದು ತುದಿಗೆ ಹೋದರು. ಅಲ್ಲಿ ಬಿಳಿ ಪ್ಲಾಸ್ಟಿಕ್ ಮುಚ್ಚಳದ ಕೆಳಗೆ, ರೇಡಿಯೇಟರಿಗೆ ಎಷ್ಟು ನೀರು ಹರಿಯಬೇಕು ಅಂತ ಹೊಂದಿಸುವ ಲಾಕ್‌ಶೀಲ್ಡ್ ವಾಲ್ವ್ ಇರುತ್ತೆ. ನಾವ್ಯಾರೂ ಅದನ್ನು ಮುಟ್ಟಲ್ಲ. ಮುಚ್ಚಳ ಎಳೆದರು.

ಹಸಿರು ಕಿಲುಬು. ಹಿತ್ತಾಳೆ ಕಾಣದಷ್ಟು ಕಿಲುಬು ಕಟ್ಟಿತ್ತು. ವಾಲ್ವ್ ತಿರುಗಿಸುವ ನಡುವಿನ ಕಡ್ಡಿಗೆ ಟಿಶ್ಯೂ ತಾಗಿಸಿದರು. ಕ್ಷಣದಲ್ಲಿ ಒದ್ದೆ, ಅಂಚು ಕಪ್ಪು. "ಇಲ್ಲಿ ನೋಡಿ" ಅಂದರು. ಒಂದು ಹನಿ ನಿಧಾನಕ್ಕೆ ತುಂಬಿತು. ವಾಲ್ವಿನ ಮೈಮೇಲೆ ಇಳಿದು, ಪೈಪ್ ಹಿಡಿದು ಕೆಳಗೆ ಜಾರಿ, ಪೈಪಿಗೋಸ್ಕರ ಕಾರ್ಪೆಟ್ ಕತ್ತರಿಸಿರುವ ಸಂದಿಯಲ್ಲಿ ಮಾಯವಾಯಿತು. ಆ ನೀರನ್ನು ಅಂಡರ್‌ಲೇ ಸ್ಪಂಜಿನ ಹಾಗೆ ಕುಡಿಯುತ್ತೆ. ಅದಕ್ಕೇ ಸೋರುವ ಜಾಗ ಒಂದು, ಕಾಲಿಗೆ ಒದ್ದೆ ತಾಗುವ ಜಾಗ ಇನ್ನೊಂದು.

ಆಮೇಲೆ ಅವರು ನನ್ನ ಮುಖ ನೋಡಿ ಕೇಳಿದರು. "ರೇಡಿಯೇಟರ್ ಹೊಸದು ಅಲ್ವಾ? ಮತ್ತೆ ವಾಲ್ವ್ ಯಾಕೆ ಹಳೇದೇ ಇದೆ?"

ನನಗೆ ಉತ್ತರ ಇರಲಿಲ್ಲ. ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ತಲೆ ತಗ್ಗಿಸಿ ನಿಂತೆ.

ಅವರು ವಿವರಿಸಿದ್ದನ್ನು ಹೇಳುತ್ತೇನೆ. ಆ ಕಡ್ಡಿಯ ಸುತ್ತ ನೀರು ಬರದ ಹಾಗೆ ಪ್ಯಾಕಿಂಗ್ ಇರುತ್ತೆ, ಅದರ ಮೇಲೆ ಒಂದು ಸಣ್ಣ ನಟ್. ವರ್ಷ ಕಳೆದ ಹಾಗೆ ಪ್ಯಾಕಿಂಗ್ ಒಣಗಿ ಸವೆಯುತ್ತೆ. ಬಿಸಿ ಇದ್ದಾಗ ಲೋಹ ಹಿಗ್ಗಿ ಸಂದಿ ಮುಚ್ಚಿಕೊಳ್ಳುತ್ತೆ, ಜಿನುಗಿದ ಚೂರು ನೀರೂ ಅಲ್ಲೇ ಆರಿ ಕಿಲುಬು ಉಳಿಯುತ್ತೆ. ತಣ್ಣಗಾದ ಮೇಲೆ ಸೋರುತ್ತೆ. ಅದಕ್ಕೇ ಬೆಳಿಗ್ಗೆ ಒದ್ದೆ, ಸಂಜೆ ಒಣ.

ಈಗ ನನಗೆ ಎಲ್ಲಕ್ಕಿಂತ ಸಿಟ್ಟು ಬರಿಸುವ ವಿಷಯ. ರೇಡಿಯೇಟರ್ ಬಿಚ್ಚಬೇಕಾದರೆ ಎರಡೂ ಕಡೆಯ ವಾಲ್ವ್ ಮುಚ್ಚಲೇಬೇಕು. ಅಂದರೆ ಮೊದಲು ಬಂದವರು ಆ ಬಿಳಿ ಮುಚ್ಚಳ ತೆಗೆದಿದ್ದರು. ಅದೇ ಕಡ್ಡಿಯನ್ನು ಅವರೇ ಸ್ಪ್ಯಾನರ್ ಹಾಕಿ ತಿರುಗಿಸಿದ್ದರು. ಅಷ್ಟು ಕಿಲುಬು ಕಣ್ಣ ಮುಂದೆಯೇ ಇತ್ತು. ನೋಡಿ, ತಿರುಗಿಸಿ, ಮತ್ತೆ ಮುಚ್ಚಳ ಮುಚ್ಚಿ ಹೋಗಿದ್ದರು. ಸವೆದ ಪ್ಯಾಕಿಂಗ್ ಆ ತಿರುಗಿಸುವಿಕೆಯಲ್ಲಿ ಇನ್ನಷ್ಟು ಸಡಿಲವಾಗಿತ್ತು. ಹೊಸ ರೇಡಿಯೇಟರ್ ಬಂದ ಮೇಲೆ ಸೋರಿಕೆ ಜಾಸ್ತಿಯಾಗಿದ್ದು ಅದಕ್ಕೇ.

ಅದೇ ದಿನ ಫೋನ್ ಮಾಡಿದೆ. ಅವರು ಹೇಳಿದ್ದು ಹೇಗಿದೆಯೋ ಹಾಗೇ ಬರೆಯುತ್ತೇನೆ. "ರೇಡಿಯೇಟರ್ ಹಾಕಿ ಅಂದ್ರಿ, ಹಾಕಿದೆ. ವಾಲ್ವ್ ಬಗ್ಗೆ ನೀವು ಕೇಳಲೇ ಇಲ್ಲ."

ನಾನು ಕೇಳಲಿಲ್ಲವಂತೆ! ಕಾರ್ಪೆಟ್ ಯಾಕೆ ಒದ್ದೆಯಾಗುತ್ತಿದೆ ಅಂತ ನೋಡಿ ಹೇಳಿ ಅಂತ ಕರೆದಿದ್ದೆ. ರೇಡಿಯೇಟರ್ ಹಾಕಿ ಅಂತ ಕರೆದಿರಲಿಲ್ಲ. "ಈಗ ನಾನು ಹಾಕಿದ ರೇಡಿಯೇಟರ್ ಸೋರ್ತಿದ್ಯಾ, ಅದು ಹೇಳಿ" ಅಂದರು. ಹಳೆಯದೂ ಸೋರುತ್ತಿರಲಿಲ್ಲವಲ್ಲ, ಅದರಲ್ಲಿದ್ದ ತೂತು ತೋರಿಸಿ ಅಂದೆ. "ಅದನ್ನ ಗುಜರಿಗೆ ಹಾಕಿ ಆಯ್ತು." ಮಾತು ಮುಗಿಯುವ ಮೊದಲೇ ಫೋನ್ ಇಟ್ಟರು. ಆಮೇಲೆ ಕಳಿಸಿದ ಮೆಸೇಜುಗಳನ್ನೆಲ್ಲ ನೋಡಿದ್ದಾರೆ. ಒಂದಕ್ಕೂ ಉತ್ತರ ಇಲ್ಲ.

ಎರಡನೆಯವರು ವಾಲ್ವ್ ಪೂರ್ತಿ ಮುಚ್ಚಿದರು, ಎಷ್ಟು ಸುತ್ತು ಆಯಿತು ಅಂತ ಎಣಿಸಿಕೊಂಡು. ನಟ್ ಸಡಿಲಿಸಿ, ಕಡ್ಡಿಯ ಸುತ್ತ ಟೇಪ್ ಸುತ್ತಿ ಒಳಗೆ ಒತ್ತಿ, ಮತ್ತೆ ಬಿಗಿ ಮಾಡಿದರು. ಆಮೇಲೆ ಅಷ್ಟೇ ಸುತ್ತು ತೆರೆದರು. ಬೇರೆ ರೂಮುಗಳಿಗೆ ಹೋಗುವ ಬಿಸಿಯ ಲೆಕ್ಕ ತಪ್ಪಬಾರದು ಅಂತ ಹಾಗೆ ಎಣಿಸೋದಂತೆ. ಹಳೆಯ ವಾಲ್ವ್, ಮುಂದೆ ಮತ್ತೆ ಜಿನುಗಿದರೆ ವಾಲ್ವನ್ನೇ ಬದಲಿಸಿ ಅಂತ ಮುಚ್ಚುಮರೆ ಇಲ್ಲದೆ ಹೇಳಿಯೂ ಹೋದರು.

ಎಲ್ಲರ ಮನೆಯಲ್ಲೂ ವಾಲ್ವೇ ಕಾರಣ ಅಂತ ನಾನು ಹೇಳಲ್ಲ. ಮಳೆ ಬಂದ ದಿನ ಮಾತ್ರ ಒದ್ದೆ, ಗೇಜಿನ ಮುಳ್ಳು ಅಲ್ಲಾಡಿಲ್ಲ ಅಂದರೆ ಹೊರಗೋಡೆ ನೋಡಿಸಿ. ಹೊಸದಾಗಿ ಕಾರ್ಪೆಟ್ ಹಾಕಿಸಿದ ಮೇಲೆ ಶುರುವಾಗಿದ್ದರೆ ಮೊಳೆ ಪೈಪಿಗೆ ತಾಗಿದ್ದರೂ ತಾಗಿರಬಹುದು. ಆದರೆ ಯಾರನ್ನಾದರೂ ಕರೆಯುವ ಮುಂಚೆ ನೀವೇ ರಾತ್ರಿ ಹೀಟಿಂಗ್ ಆಫ್ ಮಾಡಿ. ಬೆಳಿಗ್ಗೆ ಎರಡೂ ಕಡೆಯ ನಟ್, ಕಡ್ಡಿ, ತಳ ಎಲ್ಲದಕ್ಕೂ ಒಣ ಟಿಶ್ಯೂ ಒತ್ತಿ ನೋಡಿ. ಬಿಳಿ ಮುಚ್ಚಳ ತೆಗೆದು ನೋಡೋದು ಮಾತ್ರ ಮರೆಯಬೇಡಿ. ನೀರು ಬರುವ ಜಾಗವನ್ನು ಕಣ್ಣಾರೆ ತೋರಿಸದೆ ಏನನ್ನೂ ಬದಲಿಸೋಕೆ ಬಿಡಬೇಡಿ. ಬದಲಿಸಿದರೆ ಹಳೆಯದನ್ನು ಮನೆಯಲ್ಲೇ ಇಟ್ಟುಕೊಳ್ಳಿ. ಎಷ್ಟು ಪ್ರೀತಿಯಿಂದ ಕೇಳಿದರೂ ಕೊಡಬೇಡಿ.

ಹನ್ನೊಂದು ದಿನ ಆಯಿತು, ಮುಳ್ಳು 1.3ರಲ್ಲೇ ನಿಂತಿದೆ. ಅಂಡರ್‌ಲೇ ತುಂಡು ಕತ್ತರಿಸಿ ಎಸೆಯಬೇಕಾಯಿತು, ಬೂಷ್ಟು ಹಿಡಿದಿತ್ತು. ಕೆಳಗಿನ ಹಲಗೆ ಇನ್ನೂ ಪೂರ್ತಿ ಒಣಗಿಲ್ಲ. ಅದಕ್ಕೇ ಕಾರ್ಪೆಟ್ ಮೂಲೆಯನ್ನು ಮಡಚಿಯೇ ಇಟ್ಟಿದ್ದೇವೆ.